ಒಂದೇ ಕ್ಯಾಸೆಟ್, ಎಲ್ಲ ವಯಸ್ಸಿಗೂ

ಇಂಗ್ಲೆಂಡಿನವರಿಗೆ ತಮ್ಮ ಬದುಕನ್ನು ಹಾಡಿನ ಲೆಕ್ಕದಲ್ಲಿ ಹೇಳಿಕೊಳ್ಳುವ ಅಭ್ಯಾಸ ಇದೆ. ಬಿಬಿಸಿ ರೇಡಿಯೋದಲ್ಲಿ 'ಡೆಸರ್ಟ್ ಐಲ್ಯಾಂಡ್ ಡಿಸ್ಕ್ಸ್' ಅಂತ ಒಂದು ಕಾರ್ಯಕ್ರಮ ಬರುತ್ತದೆ. 1942ರಲ್ಲಿ ಶುರುವಾಗಿದ್ದು ಇವತ್ತಿಗೂ ನಡೆಯುತ್ತಿದೆ. ಬಂದ ಅತಿಥಿಗೆ ಕೇಳುವುದು ಇಷ್ಟೇ: ಜನರೇ ಇಲ್ಲದ ದ್ವೀಪದಲ್ಲಿ ನೀವೊಬ್ಬರೇ ಸಿಕ್ಕಿಕೊಂಡರೆ ಯಾವ ಎಂಟು ರೆಕಾರ್ಡ್ ಜೊತೆಗಿರಬೇಕು? ಮಂತ್ರಿಗಳು, ವಿಜ್ಞಾನಿಗಳು, ಆಟಗಾರರು, ನಟರು ಎಲ್ಲರೂ ಉತ್ತರ ಹೇಳಿ ಹೋಗಿದ್ದಾರೆ. ಬೈಬಲ್ಲು, ಶೇಕ್ಸ್‌ಪಿಯರ್ ನಾಟಕಗಳು ದ್ವೀಪದಲ್ಲೇ ಸಿಗುತ್ತವೆ. ಅದರ ಮೇಲೆ ಇನ್ನೊಂದು ಪುಸ್ತಕ, ಒಂದು ಐಷಾರಾಮದ ವಸ್ತು ಒಯ್ಯಬಹುದು. ಕೊನೆಗೆ ಎಂಟರಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಿ ಅಂದರೆ ಯಾವುದು ಅಂತಲೂ ಕೇಳುತ್ತಾರೆ.

ಕೇಳುತ್ತಾ ಹೋದರೆ, ಹಾಡಿನ ನೆಪದಲ್ಲಿ ಅವರು ಹೇಳುವುದೆಲ್ಲ ತಮ್ಮ ಕಥೆ ಅಂತ ಗೊತ್ತಾಗುತ್ತದೆ. ಇದು ಅಪ್ಪ ಮನೆ ಬಿಟ್ಟು ಹೋದ ವರ್ಷದ್ದು, ಇದು ಕಾಲೇಜಿನದು, ಇದು ಮದುವೆ ಮುರಿದಾಗ ಕೇಳಿದ್ದು. ಆಫೀಸಿನಲ್ಲೂ ಇದೇ ರೂಢಿ. ನಾನು ಇಲ್ಲಿ ಇಂಗ್ಲೆಂಡಿನಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಊಟದ ಹೊತ್ತಿಗೆ ಪಕ್ಕದಲ್ಲಿ ಕೂತವರು ಕೇಳಿದ್ದು, 'ನಿನ್ನ ದುಡ್ಡಿನಲ್ಲಿ ಕೊಂಡ ಮೊದಲ ಆಲ್ಬಮ್ ಯಾವುದು?' ನಮ್ಮಲ್ಲಾದರೆ ಯಾವೂರು, ಮನೆಯಲ್ಲಿ ಯಾರ್ಯಾರಿದ್ದಾರೆ ಅಂತ ಕೇಳುವ ಜಾಗದಲ್ಲಿ ಇಲ್ಲಿ ಈ ಪ್ರಶ್ನೆ ಬರುತ್ತದೆ.

ನನ್ನ ವಯಸ್ಸಿನ ಕನ್ನಡಿಗರಿಗೆ ಇದಕ್ಕೆ ಉತ್ತರ ಕೊಡುವುದು ಕಷ್ಟ. ಹಾಡು ಬೇಕಾದಷ್ಟಿತ್ತು. ಆದರೆ ಕ್ಯಾಸೆಟ್ ನನ್ನದು ಅಂತ ಇರಲಿಲ್ಲ, ಮನೆಯದಾಗಿತ್ತು. ಮತ್ತೆ ಒಂದು ಕ್ಯಾಸೆಟ್ ಒಂದು ಕಾಲಕ್ಕೆ ಅಂತ ಮುಗಿದು ಹೋಗುತ್ತಿರಲಿಲ್ಲ. ಅದೇ ಹಾಡು ಹತ್ತರಲ್ಲಿ ಒಂದು ಥರ, ಇಪ್ಪತ್ತೈದರಲ್ಲಿ ಇನ್ನೊಂದು ಥರ, ನಲವತ್ತರಲ್ಲಿ ಬೇರೆಯೇ ಥರ ಕೇಳಿಸುತ್ತಿತ್ತು. ಇಲ್ಲಿನವರ ರೀತಿಗೂ ನಮ್ಮ ರೀತಿಗೂ ಇರುವ ದೊಡ್ಡ ವ್ಯತ್ಯಾಸ ಇದೇ ಅಂತ ನನಗನ್ನಿಸುತ್ತದೆ.

ಇಲ್ಲಿನ ರೀತಿಗೆ ಗಾಯಕಿ ಅಡೆಲ್‌ಗಿಂತ ಒಳ್ಳೆ ಉದಾಹರಣೆ ಇಲ್ಲ. ಉತ್ತರ ಲಂಡನ್ನಿನ ಟಾಟನ್‌ಹ್ಯಾಮ್‌ನಲ್ಲಿ ಹುಟ್ಟಿದ ಹುಡುಗಿ. ತನ್ನ ಆಲ್ಬಮ್‌ಗಳಿಗೆ ತನ್ನ ವಯಸ್ಸನ್ನೇ ಹೆಸರಿಟ್ಟಳು. 2008ರಲ್ಲಿ '19', 2011ರಲ್ಲಿ '21', 2015ರಲ್ಲಿ '25', 2021ರಲ್ಲಿ '30'. ಜೊತೆಗಾರರೊಡನೆ ಸೇರಿ ಬರೆದವಳೂ ಅವಳೇ, ಹಾಡಿದವಳೂ ಅವಳೇ, ಅತ್ತಿದ್ದೂ ಅವಳೇ. '21' ಈ ಶತಮಾನದಲ್ಲಿ ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಮ್. ನನ್ನ ಜೊತೆ ಕೆಲಸ ಮಾಡುವ ಒಬ್ಬಾಕೆ ಅದನ್ನು ಈಗ ಕೇಳುವುದೇ ಇಲ್ಲ ಅನ್ನುತ್ತಾಳೆ. 'ಅದು ಆ ವರ್ಷದ್ದು. ಆ ವರ್ಷ ಮುಗೀತು' ಅಂತಾಳೆ. ಒಂದು ಕಾಲವನ್ನು ಅದರೊಳಗಿಟ್ಟು ಮುಚ್ಚಳ ಹಾಕಿದ ಹಾಗೆ. ನನಗೆ ಇದರಲ್ಲಿ ಗೌರವ ಇದೆ. ತನಗಾದದ್ದನ್ನು ಹೆಸರಿಟ್ಟು, ತಾರೀಖು ಹಾಕಿ ಹೇಳಿಕೊಳ್ಳುವುದಕ್ಕೆ ಧೈರ್ಯ ಬೇಕು.

ನಮ್ಮಲ್ಲಿ ಹೇಗಿತ್ತು? ಸಕಲೇಶಪುರದ ನಮ್ಮ ಮನೆಯಲ್ಲಿ ಒಂದು ಟೂ ಇನ್ ಒನ್ ಇತ್ತು, ರೇಡಿಯೋ, ಟೇಪ್ ರೆಕಾರ್ಡರ್ ಎರಡೂ ಒಂದರಲ್ಲೇ. ಚಿಕ್ಕಪ್ಪ ತಂದಿದ್ದು. ಅದಕ್ಕೆ ಅಮ್ಮ ಹೊಲಿದ ಬಟ್ಟೆಯ ಗವಸು ಇತ್ತು. ಬೆಳಗ್ಗೆ ಅದು ಅಜ್ಜಿಯದು: ಸುಪ್ರಭಾತ, ಆಮೇಲೆ ಭೀಮಸೇನ ಜೋಶಿಯವರ 'ದಾಸವಾಣಿ'. ಸಂಜೆ ಅಪ್ಪನದು: ಭಾವಗೀತೆ. ಭಾನುವಾರ ಮಧ್ಯಾಹ್ನ ಚಿಕ್ಕಪ್ಪನದು: ಸಿನಿಮಾ ಹಾಡು, ಇಲ್ಲದಿದ್ದರೆ ಮಾಸ್ಟರ್ ಹಿರಣ್ಣಯ್ಯನವರ ನಾಟಕ. ನಾಟಕವನ್ನು ಕ್ಯಾಸೆಟ್‌ನಲ್ಲಿ ಹಾಕಿಕೊಂಡು ಮನೆಮಂದಿಯೆಲ್ಲ ಕೂತು ನಗುತ್ತಿದ್ದೆವು ಅಂದರೆ ಇಲ್ಲಿನವರಿಗೆ ಆಶ್ಚರ್ಯ. ಮಕ್ಕಳಿಗೆ ಯಾವ ಹೊತ್ತೂ ಇರಲಿಲ್ಲ. ಬೇರೆಯವರು ಹಾಕಿದ್ದನ್ನು ಕೇಳಿಕೊಂಡೇ ನಾವು ದೊಡ್ಡವರಾದೆವು.

ಹಾಗಾಗಿ ನನ್ನ ಬಾಲ್ಯದ ಆಲ್ಬಮ್ ಅಂದರೆ ಅಜ್ಜಿಯ ಮುಪ್ಪಿನ ಆಲ್ಬಮ್. 'ದಾಸವಾಣಿ' ಕೇಳಿದರೆ ನನಗೆ ಈಗಲೂ ಮೊದಲು ಬರುವುದು ಒಲೆ ಹೊಗೆ, ಕಾಫಿ ವಾಸನೆ. ಪುರಂದರದಾಸರು ಆಮೇಲೆ. ಜೋಶಿಯವರು ಗದಗದ ಕಡೆಯವರು, ಮನೆ ಮಾಡಿದ್ದು ಪುಣೆಯಲ್ಲಿ. ಮರಾಠಿಯಲ್ಲಿ ಅಭಂಗ ಹಾಡಿ ಆ ಜನರನ್ನು ಗೆದ್ದವರು, ಕನ್ನಡದ ದಾಸರ ಪದಗಳನ್ನೂ ಅಷ್ಟೇ ಹಕ್ಕಿನಿಂದ ಹಾಡಿದರು. ಹೊರನಾಡಿಗೆ ಬಂದ ಮೇಲೆ ಅವರ ಮೇಲೆ ನನಗೆ ಪ್ರೀತಿ ಇನ್ನೂ ಜಾಸ್ತಿಯಾಗಿದೆ.

ಭಾವಗೀತೆಯ ಮಾತು ಸ್ವಲ್ಪ ಹೆಚ್ಚೇ ಹೇಳಬೇಕು, ಯಾಕೆಂದರೆ ಇಂಥದ್ದು ನನಗೆ ಇಲ್ಲಿ ಎಲ್ಲೂ ಸಿಕ್ಕಿಲ್ಲ. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಬಂತು. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಅಂತ ಅದನ್ನು ಹೇಳುತ್ತಾರೆ. ಅಲ್ಲಿಂದ ಮುಂದೆ ಕವಿತೆ ಪುಸ್ತಕದಿಂದ ಎದ್ದು ಮನೆಯ ಹಜಾರಕ್ಕೆ ಬಂತು. ಕವಿ ಒಬ್ಬರು, ರಾಗ ಹಾಕಿದವರು ಒಬ್ಬರು, ಹಾಡಿದವರು ಇನ್ನೊಬ್ಬರು. ಅಡೆಲ್ ತನ್ನದೇ ಅಂತ ಹೊತ್ತದ್ದನ್ನು ನಮ್ಮಲ್ಲಿ ಮೂರು ಜನ ಹಂಚಿಕೊಂಡು ಹೊರುತ್ತಿದ್ದರು. ಕೇಳುವವರಿಗೆ ಇದು ಯಾರ ದುಃಖ, ಯಾರ ಖುಷಿ ಅನ್ನುವ ಪ್ರಶ್ನೆಯೇ ಏಳುತ್ತಿರಲಿಲ್ಲ.

ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ'ಯನ್ನೇ ನೋಡಿ. ಪುಸ್ತಕ ಬಂದದ್ದು 1942ರಲ್ಲಿ, ಆ ಬಿಬಿಸಿ ಕಾರ್ಯಕ್ರಮ ಶುರುವಾದ ವರ್ಷವೇ. ಗಂಡ ಹೆಂಡತಿಯ ಪ್ರೀತಿ, ತವರಿನ ಆಸೆ, ಮಾವನ ಮನೆಗೆ ಬಂದ ಅಳಿಯ, ಬಳೆಗಾರ. ಸಿ. ಅಶ್ವಥ್ ಅವರ ರಾಗದಲ್ಲಿ ಇದು ಮನೆಮನೆಗೂ ತಲುಪಿತು. 1992ರ ಸಿನಿಮಾಕ್ಕೂ ಅವರದೇ ಸಂಗೀತ. ನಾನು ಹುಡುಗನಾಗಿದ್ದಾಗ ರಾಯರು ಮಾವನ ಮನೆಗೆ ಬಂದ ಹಾಡನ್ನು ಕುಣಿದುಕೊಂಡು ಹಾಡುತ್ತಿದ್ದೆ. ಹಬ್ಬಕ್ಕೆ ನೆಂಟರು ಬಂದ ಖುಷಿಯ ಹಾಡು ಅಷ್ಟೇ, ಅಲ್ವಾ? ಮದುವೆಯಾದ ಮೇಲೆ ಮೊದಲ ಸಲ ಹೆಂಡತಿಯ ತವರಿಗೆ ಹೋಗಿದ್ದೆ. ಆಕೆ ಅಲ್ಲಿರಲಿಲ್ಲ, ಊರಿಂದ ಬರುವುದು ರಾತ್ರಿಯಾಯಿತು. ಎಲ್ಲರೂ ಉಪಚಾರ ಮಾಡುತ್ತಿದ್ದಾರೆ, ತಟ್ಟೆ ತುಂಬಾ ತಿಂಡಿ, ನನಗೆ ಮಾತ್ರ ಬಾಗಿಲ ಕಡೆಗೇ ಕಣ್ಣು. ಆ ಹಾಡಿನಲ್ಲಿ ಪದುಮಳು ಒಳಗಿರಲಿಲ್ಲ ಅನ್ನುವ ಮಾತು ಯಾಕಿದೆ ಅಂತ ಅವತ್ತು ತಿಳಿಯಿತು.

ಇದನ್ನೇ ನಾನು ಹೇಳುತ್ತಿರುವುದು. ಅಡೆಲ್ ಮೊದಲು ಬಾಳಿದಳು, ಆಮೇಲೆ ಹಾಡಿದಳು. ಅವಳ ವಯಸ್ಸಿನವರು ಅದನ್ನು ತಮ್ಮದೆಂದು ತೆಗೆದುಕೊಂಡರು. ನಮಗೆ ಹಾಡು ಮೊದಲು ಬಂತು, ಬಾಳು ಆಮೇಲೆ. ಬಾಯಿಪಾಠ ಆಗಿದ್ದ ಹಾಡು ಒಳಗೆ ಸುಮ್ಮನೆ ಕೂತಿತ್ತು, ನಾವು ಆ ವಯಸ್ಸಿಗೆ ಬಂದಾಗ ಎದ್ದು ಮಾತಾಡಿತು.

ಶಿಶುನಾಳ ಷರೀಫರ ಪದಗಳು ಹೀಗೆ ಇನ್ನೂ ಹೆಚ್ಚು ಸಲ ಮಾತಾಡಿವೆ. ಷರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಅಶ್ವಥ್ ಆ ಪದಗಳನ್ನು ಕ್ಯಾಸೆಟ್‌ಗೆ ತಂದರು, 1990ರಲ್ಲಿ ನಾಗಾಭರಣರ ಸಿನಿಮಾ ಬಂತು, ನಮ್ಮ ಹಾಸ್ಟೆಲ್‌ನಲ್ಲಿ ಎಲ್ಲ ಕೋಣೆಯಲ್ಲೂ ಅದೇ. ಚಿಕ್ಕಂದಿನಲ್ಲಿ ಸೋರುವ ಮಾಳಿಗೆಯ ಪದ ಕೇಳಿದಾಗ ನನಗೆ ಅನುಮಾನವೇ ಇರಲಿಲ್ಲ. ಸಕಲೇಶಪುರದ ಮಳೆಗಾಲದಲ್ಲಿ ಹೆಂಚು ಜಾರಿ ನಮ್ಮ ಮನೆಯೂ ಸೋರುತ್ತಿತ್ತು, ನಡುಮನೆಯಲ್ಲಿ ಬೋಗುಣಿ ಇಡುತ್ತಿದ್ದೆವು. ಹಾಸ್ಟೆಲ್‌ನಲ್ಲಿ ಅದು ಮೇಜು ಕುಟ್ಟಿಕೊಂಡು ಹಾಡುವ ಪದವಾಯಿತು. ಅಪ್ಪ ಕಾಯಿಲೆ ಬಿದ್ದ ವರ್ಷ ಇಲ್ಲಿ ಕಾರಿನಲ್ಲಿ ಒಬ್ಬನೇ ಕೇಳಿದಾಗ, ಷರೀಫರು ಮನೆ ಅಂದದ್ದು ಈ ದೇಹಕ್ಕೆ ಅಂತ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಈ ಕ್ಯಾಸೆಟ್ ನನ್ನ ಯಾವ ಕಾಲದ್ದು ಅಂತ ಕೇಳಿದರೆ ಏನು ಹೇಳಲಿ?

ಸಿನಿಮಾ ಹಾಡುಗಳ ಲೆಕ್ಕ ಬೇರೆ. ಅವು ಕಾಲಕ್ಕೆ ಅಂಟಿಕೊಳ್ಳುತ್ತವೆ, ಅದನ್ನು ಒಪ್ಪುತ್ತೇನೆ. 1987ರ 'ಪ್ರೇಮಲೋಕ' ನಮ್ಮ ಪೀಳಿಗೆಗೆಲ್ಲ ಒಂದೇ ಸಲ ಹದಿಹರೆಯ ತಂದುಕೊಟ್ಟಿತು. ಹಂಸಲೇಖ ಹಾಡನ್ನು ಕಾಲೇಜು ಹುಡುಗರ ಮಾತಿನಲ್ಲೇ ಬರೆದರು, ರಾಗವನ್ನೂ ಅವರೇ ಹಾಕಿದರು. ಬಸ್ಸು, ಸಲೂನು, ಗಣೇಶನ ಪೆಂಡಾಲು, ಎಲ್ಲಿ ಹೋದರೂ ಅದೇ. ಆಗ ಒಂದು ಕ್ಯಾಸೆಟ್‌ನಲ್ಲಿ ಎರಡು ಸಿನಿಮಾ ಬರುವುದೂ ಇತ್ತು, ಎ ಸೈಡ್ ಒಂದು, ಬಿ ಸೈಡ್ ಇನ್ನೊಂದು. ಸಂಬಂಧವೇ ಇಲ್ಲದ ಎರಡು ಸಿನಿಮಾಗಳು ನಮ್ಮ ತಲೆಯಲ್ಲಿ ಇವತ್ತಿಗೂ ಜೋಡಿಯಾಗಿಯೇ ಇವೆ. ಒಂದರ ಕೊನೆ ಹಾಡು ಮುಗಿದರೆ ಇನ್ನೊಂದರ ಮೊದಲ ಹಾಡು ತಾನಾಗಿ ಬಾಯಿಗೆ ಬರುತ್ತದೆ.

ಇಂಗ್ಲಿಷರ ರೀತಿಯಲ್ಲಿ ಇದು ನನ್ನದು ಅಂತ ನಾನು ಹೇಳಬಲ್ಲ ಆಲ್ಬಮ್ ಒಂದೇ, 'ಮುಂಗಾರು ಮಳೆ'. 2006ರ ಡಿಸೆಂಬರ್ ಕೊನೆಗೆ ಬಂದ ಸಿನಿಮಾ. ಜಯಂತ ಕಾಯ್ಕಿಣಿಯವರ ಸಾಲುಗಳು, ಸೋನು ನಿಗಮ್ ದನಿ, ಸಂಗೀತ ಮನೋಮೂರ್ತಿಯವರದು. ಅವರೂ ನನ್ನ ಹಾಗೆ ಹೊರನಾಡ ಕನ್ನಡಿಗರು, ನೆಲೆಸಿದ್ದು ಅಮೆರಿಕದಲ್ಲಿ. ನಾನು ಅದನ್ನು ಕೇಳಿದ್ದು ಬೆಳಗಿನ ರೈಲಿನಲ್ಲಿ, ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ಪಕ್ಕದವರಿಗೆ ಗೊತ್ತಾಗದ ಹಾಗೆ. ಯಾರೂ ನನಗಾಗಿ ಹಾಕಿರಲಿಲ್ಲ, ನಾನೂ ಯಾರಿಗಾಗಿಯೂ ಹಾಕಿರಲಿಲ್ಲ. ಅದು ನನ್ನ ಮೊದಲ ಚಳಿಗಾಲಗಳ ಆಲ್ಬಮ್. ಅಲ್ಲಿಂದ ಆಚೆ ಅದು ಬಂದೇ ಇಲ್ಲ. ನನ್ನ ಸಹೋದ್ಯೋಗಿ '21'ರ ಬಗ್ಗೆ ಹೇಳಿದ್ದು ಇದನ್ನು ಕೇಳುವಾಗ ನನಗೆ ಅರ್ಥವಾಗುತ್ತದೆ.

ಇಷ್ಟು ಹೇಳಿದ ಮೇಲೆ ಇಲ್ಲಿನವರಿಂದ ನಾವು ಕಲಿಯಬೇಕಾದ್ದನ್ನೂ ಹೇಳಲೇಬೇಕು. ಅವರು ಜೋಪಾನ ಮಾಡುತ್ತಾರೆ. ನಮ್ಮ ಬೀದಿಯ ಚಾರಿಟಿ ಅಂಗಡಿಯಲ್ಲಿ ಹಳೆಯ ಎಲ್‌ಪಿಗಳ ಪೆಟ್ಟಿಗೆ ಇದೆ. ಒಂದನ್ನು ತೆಗೆದು ನೋಡಿದೆ. ಹೊದಿಕೆಯ ಹಿಂದೆ ನೀಲಿ ಪೆನ್ನಿನಲ್ಲಿ ಒಂದು ಹೆಸರು, ಕೆಳಗೆ ಕ್ರಿಸ್‌ಮಸ್ 1971 ಅಂತ ಬರೆದಿತ್ತು. ಮೂಲೆ ಸವೆದಿದೆ, ಆದರೆ ರೆಕಾರ್ಡ್ ಮೇಲೆ ಒಂದು ಗೀರಿಲ್ಲ. ಆಲ್ಬಮ್ ಅನ್ನುವುದನ್ನೇ ನೆನೆಯಲು 2018ರಿಂದ ಇಲ್ಲಿ ಪ್ರತಿ ವರ್ಷ ಒಂದು ದಿನ ಇಟ್ಟಿದ್ದಾರೆ, ನ್ಯಾಷನಲ್ ಆಲ್ಬಮ್ ಡೇ ಅಂತ. '30' ಬಂದಾಗ ಅಡೆಲ್, ಹಾಡುಗಳ ಕ್ರಮಕ್ಕೂ ಒಂದು ಅರ್ಥ ಇದೆ, ಅದನ್ನು ಕಲಸಬೇಡಿ ಅಂತ ಕೇಳಿಕೊಂಡಳು. ಸ್ಪಾಟಿಫೈನವರು ಆಲ್ಬಮ್ ಪುಟದಲ್ಲಿ ತಾನಾಗಿ ಕ್ರಮ ತಪ್ಪಿಸುವ ಗುಂಡಿಯನ್ನು ತೆಗೆದರು.

ನಮ್ಮ ಭಾವಗೀತೆಗೆ ಹೀಗೆ ಕೇಳುವವರು ಯಾರು? ಫೋನಿನಲ್ಲಿ ಹುಡುಕಿದರೆ ಕ್ಯಾಸೆಟ್ ಇಡಿಯಾಗಿ ಸಿಗುವುದು ಅಪರೂಪ. ಒಂದು ಹಾಡು ಇಲ್ಲಿ, ಇನ್ನೊಂದು ಯಾವುದೋ ಸಂಗ್ರಹದಲ್ಲಿ. ಹಾಡಿದವರ ಹೆಸರು ಇರುತ್ತದೆ, ಎಷ್ಟೋ ಸಲ ಕವಿಯ ಹೆಸರೇ ಇರುವುದಿಲ್ಲ. ಕ್ಯಾಸೆಟ್‌ನ ಒಳಚೀಟಿಯಲ್ಲಿ ಸಣ್ಣ ಅಕ್ಷರದಲ್ಲಾದರೂ ಮೂವರ ಹೆಸರೂ ಇರುತ್ತಿತ್ತು. ನನ್ನ ಮಗಳು ಒಂದು ಹಾಡನ್ನು ತುಂಬಾ ಇಷ್ಟಪಟ್ಟು, 'ಅಪ್ಪಾ, ಇದನ್ನು ಬರೆದವರು ಯಾರು?' ಅಂತ ಕೇಳಿದಳು. ಫೋನಿನಲ್ಲಿ ಉತ್ತರ ಇರಲಿಲ್ಲ. ಕವಿತೆಯಿಂದಲೇ ಹುಟ್ಟಿದ ಸಂಗೀತದಲ್ಲಿ ಕವಿಯೇ ಇಲ್ಲ ಅಂದರೆ ನನಗೆ ಸಿಟ್ಟು ಬರುತ್ತದೆ.

ಸಾವಿನ ಹೊತ್ತಿಗೂ ಎರಡು ರೀತಿಗಳು ಬೇರೆಯೇ. ಇಲ್ಲಿ ನಮ್ಮ ಪಕ್ಕದ ಮನೆಯ ಹಿರಿಯರು ತೀರಿಕೊಂಡಾಗ ಅಂತ್ಯಕ್ರಿಯೆಯಲ್ಲಿ ಅವರೇ ಆರಿಸಿಟ್ಟ ಮೂರು ಹಾಡು ಹಾಕಿದರು. ಒಂದು ಅವರ ಹರೆಯದ್ದು, ಒಂದು ಹೆಂಡತಿಗಾಗಿ, ಇನ್ನೊಂದು ಬಂದವರು ನಗುತ್ತಾ ಹೊರಡಲಿ ಅಂತ. ನಮ್ಮಲ್ಲಿ ಸೂತಕ ಅಂದರೆ ಟೂ ಇನ್ ಒನ್‌ಗೆ ಗವಸು. ಅಜ್ಜಿ ಹೋದ ಮೇಲೆ ವರ್ಷಾಂತ ಮುಗಿಯುವವರೆಗೆ ಅಪ್ಪ 'ದಾಸವಾಣಿ' ಹಾಕಲಿಲ್ಲ. ಅದು ಅಜ್ಜಿಯದು ಅಂತ ಯಾರೂ ಬಾಯಿಬಿಟ್ಟು ಹೇಳದೆ ಎಲ್ಲರಿಗೂ ಗೊತ್ತಿತ್ತು. ಪಕ್ಕದ ಮನೆಯವರ ರೀತಿ ನನಗೆ ಹಿಡಿಸಿತು. ಅಪ್ಪನ ರೀತಿಯನ್ನು ಬಿಡಲಾರೆ.

ಇದನ್ನೆಲ್ಲ ಯೋಚಿಸಿ, ಇಲ್ಲಿ ನಾವಿರುವ ಊರಿನ ಕನ್ನಡದವರು ಸೇರಿದಾಗ ಒಂದು ಸಲಹೆ ಕೊಟ್ಟೆ. ಪ್ರತಿ ಸಲ ಒಬ್ಬರು ತಮ್ಮ ಎಂಟು ಧ್ವನಿಮುದ್ರಿಕೆ ಹೇಳಲಿ ಅಂತ. ಆದರೆ ನಮಗೆ ದ್ವೀಪ ಒಗ್ಗುವುದಿಲ್ಲ. ಯಾರೂ ಇಲ್ಲದ ಕಡೆ ಒಬ್ಬರೇ ಕೂತು ಕೇಳುವುದು ಇಲ್ಲಿನವರ ಕಲ್ಪನೆ. ನಾವು ಪ್ರಶ್ನೆಯನ್ನೇ ಬದಲಿಸಿಕೊಂಡೆವು: ಯಾರು ಹಾಕಿದ್ದು, ಜೊತೆಗೆ ಯಾರಿದ್ದರು? ಮೊದಲು ಹೇಳಿದವರು ಎಪ್ಪತ್ತರ ದಶಕದಲ್ಲೇ ಇಲ್ಲಿಗೆ ಬಂದ ಒಬ್ಬರು ಆಂಟಿ. ಅವರ ಪಟ್ಟಿಯಲ್ಲಿ ಒಂದು ಮನೆಯಲ್ಲೇ ತುಂಬಿಸಿ ಕಳಿಸಿದ ಕ್ಯಾಸೆಟ್. ಆಗ ಫೋನ್ ದುಬಾರಿ, ಊರಿಂದ ಮಾತನ್ನೇ ರೆಕಾರ್ಡ್ ಮಾಡಿ ಬರುವವರ ಕೈಯಲ್ಲಿ ಕಳಿಸುತ್ತಿದ್ದರಂತೆ. ತಂಗಿ ಹಾಡಿದ ಎರಡು ದೇವರನಾಮ, ಆಮೇಲೆ ಅವರಮ್ಮನ ಮಾತು: ಹಾಲಿನ ಬೆಲೆ ಏರಿದ್ದು, ಹಸು ಕರು ಹಾಕಿದ್ದು, 'ಸರಿಯಾಗಿ ಊಟ ಮಾಡ್ತಿದ್ದೀಯ ತಾನೆ?' ಇದನ್ನು ಆಲ್ಬಮ್ ಅಂತ ಲೆಕ್ಕಕ್ಕೆ ಹಿಡಿಯಬಹುದಾ ಅಂತ ಚರ್ಚೆ ಆಯಿತು. ಹಿಡಿಯಲೇಬೇಕು ಅಂತ ನಾನು ವಾದಿಸಿದೆ, ಎಲ್ಲರೂ ಒಪ್ಪಿದರು.

ಯುಗಾದಿಗೆ ಮತ್ತೆ ಸೇರುತ್ತೇವೆ. ಈ ಸಲ ಹದಿನೈದು ವರ್ಷದ ಒಬ್ಬ ಹುಡುಗನ ಸರದಿ. ಅವನ ಪಟ್ಟಿಯಲ್ಲಿ ಏನಿರುತ್ತದೋ, ಅಡೆಲ್ ಇರಲಿ, ಅಶ್ವಥ್ ಇರಲಿ, ಅದು ಅವನಿಷ್ಟ. ನಿಯಮ ಎರಡೇ ಇಟ್ಟಿದ್ದೇವೆ. ಆಲ್ಬಮ್ ಅನ್ನು ಒಂದು ಸಲವಾದರೂ ಮೊದಲಿಂದ ಕೊನೆತನಕ, ಇರುವ ಕ್ರಮದಲ್ಲೇ ಕೇಳಿರಬೇಕು. ಮತ್ತೆ ಹಾಡು ಹಾಕುವ ಮುಂಚೆ ಅದನ್ನು ಬರೆದವರ ಹೆಸರು ಹೇಳಬೇಕು.