ತಿರುಗಿ ನೋಡದ ಹುಡುಗಿ, ಕದಲದ ಲಿಫ್ಟು

ಲಿಫ್ಟಿನಲ್ಲಿ ಹಾಡು ಯಾಕೆ ಹಾಕುತ್ತಾರೋ ದೇವರಿಗೇ ಗೊತ್ತು. ನಮ್ಮ ಮಹಡಿ ಬರುವಷ್ಟರಲ್ಲಿ ಪಲ್ಲವಿಯೂ ಮುಗಿದಿರುವುದಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿಗೆ ಯಾರೋ ಪುಣ್ಯಾತ್ಮರು ‘ದ ಗರ್ಲ್ ಫ್ರಮ್ ಇಪನೇಮಾ’ ಹಾಡಿನ ಬರೀ ವಾದ್ಯದ ಟ್ಯೂನ್ ತುಂಬಿಸಿಟ್ಟಿದ್ದಾರೆ. ಬಾಗಿಲು ಸರಿಯಾಗಿ ಹಾಕದಿದ್ದರೆ ನಡುನಡುವೆ ಒಬ್ಬಳು ‘ಪ್ಲೀಸ್ ಕ್ಲೋಸ್ ದ ಡೋರ್’ ಅಂತ ಸಾಥ್ ಕೊಡುತ್ತಾಳೆ. ಈ ಹಾಡಿಗೆ ಇಂಥ ಗತಿ ನಮ್ಮಲ್ಲಿ ಮಾತ್ರ ಬಂದದ್ದಲ್ಲ ಬಿಡಿ. 1980ರ ‘ದ ಬ್ಲೂಸ್ ಬ್ರದರ್ಸ್’ ಸಿನಿಮಾದಲ್ಲೂ ಅದನ್ನು ಲಿಫ್ಟಿಗೇ ಹಾಕಿ ನಗಿಸಿದ್ದಾರೆ.

ಆವತ್ತು ಕರೆಂಟ್ ಹೋದದ್ದು ನಾನೂ ಐದನೇ ಮಹಡಿಯ ಆಂಟಿಯೂ ನಡುದಾರಿಯಲ್ಲಿದ್ದಾಗ. ಅವರ ಕೈಯಲ್ಲಿ ಸೊಪ್ಪಿನ ಚೀಲ, ನನ್ನ ಕೈಯಲ್ಲಿ ಹಾಲಿನ ಪ್ಯಾಕೆಟ್. ಜನರೇಟರ್‌ನಲ್ಲಿ ಡೀಸೆಲ್ ಇರಲಿಲ್ಲ. ದೀಪ ಹೋಯಿತು, ಫ್ಯಾನ್ ನಿಂತಿತು, ಹಾಡು ಮಾತ್ರ ನಿಲ್ಲಲಿಲ್ಲ. ಬ್ಯಾಟರಿ ಬ್ಯಾಕಪ್ ಇದ್ದದ್ದು ಅದೊಂದಕ್ಕೇ! ಇಂಟರ್‌ಕಾಮ್ ಒತ್ತಿದೆ. ಸೆಕ್ಯುರಿಟಿಯವನು ಬಹಳ ವಿನಯದಿಂದ, “ಸಾರ್, ಲಿಫ್ಟ್ ವರ್ಕ್ ಆಗ್ತಿಲ್ಲ, ಮೆಟ್ಲಲ್ಲಿ ಹೋಗಿ” ಅಂದ.

ಎರಡು ಸಲ ಪೂರ್ತಿ ಕೇಳಿದ ಮೇಲೆ ಆಂಟಿ, “ಏನಪ್ಪಾ ಇದು ಹಾಡು? ಮುಗಿಯೋದೇ ಇಲ್ವಲ್ಲ” ಅಂದರು. ಬೇರೆ ಕೆಲಸವಿರಲಿಲ್ಲ, ಹೇಳತೊಡಗಿದೆ.

“ಬ್ರೆಜಿಲ್ ಹಾಡು ಆಂಟಿ. ರಿಯೋದಲ್ಲಿ ಇಪನೇಮಾ ಅಂತ ಕಡಲತೀರ ಇದೆ. ಅಲ್ಲೊಬ್ಬಳು ಹುಡುಗಿ ದಿನಾ ನಡ್ಕೊಂಡು ಹೋಗ್ತಾಳೆ. ನೋಡೋನಿಗೆ ಅವಳಂದ್ರೆ ಪ್ರಾಣ. ಅವಳು ತಿರುಗಿಯೂ ನೋಡಲ್ಲ.”

“ಆಮೇಲೆ?”

“ಅಷ್ಟೇ.”

“ಅಷ್ಟಕ್ಕೆ ಇಷ್ಟುದ್ದ ಹಾಡಾ? ಯಾರು ಬರೆದೋರು?”

1962ರ ಹಾಡು, ರಾಗ ಆಂಟೋನಿಯೋ ಕಾರ್ಲೋಸ್ ಜೋಬಿಂ ಅವರದು, ಸಾಹಿತ್ಯ ಕವಿ ವಿನೀಶಿಯಸ್ ಡಿ ಮೊರಾಯಿಸ್ ಅವರದು ಅಂದೆ. ವೆಲೋಸೋ ಅನ್ನೋ ಬಾರಿನಲ್ಲಿ ಇಬ್ಬರೂ ಕೂತಿರುವಾಗ ಹೆಲೋಯ್ಸಾ ಎಂಬ ಹದಿಹರೆಯದ ಹುಡುಗಿ ಮುಂದೆ ಹಾದು ಹೋಗುತ್ತಿದ್ದಳು, ಅಮ್ಮನಿಗೆ ಸಿಗರೇಟು ತರಲು ಒಳಗೂ ಬರುತ್ತಿದ್ದಳು. ಹಾಡನ್ನು ಅಲ್ಲೇ ಬಾರಿನ ಮೇಜಿನ ಮೇಲೆ ಗೀಚಿದರು ಅನ್ನುವುದು ಕಟ್ಟುಕಥೆ. ಆದರೆ ಅವರು ಕೂತಿದ್ದು ನಿಜ, ಅವಳು ಹೋಗುತ್ತಿದ್ದದ್ದು ನಿಜ.

ಕತ್ತಲಲ್ಲೂ ಆಂಟಿಯ ಮುಖ ಗಂಟಿಕ್ಕಿದ್ದು ಗೊತ್ತಾಯಿತು. “ಕವಿಗೆ ವಯಸ್ಸೆಷ್ಟು?”

“ಐವತ್ತರ ಹತ್ತಿರ.”

“ಮದುವೆ?”

ಒಟ್ಟು ಒಂಬತ್ತು ಸಲ ಆಗಿತ್ತು ಆ ಮನುಷ್ಯನಿಗೆ. ಮೆತ್ತಗೆ ಹೇಳಿದೆ. ಆಂಟಿ ಸೊಪ್ಪಿನ ಚೀಲ ನೆಲಕ್ಕಿಟ್ಟರು.

“ಮನೆಮಠ ಇಲ್ವಾ ಇವರಿಗೆ? ಬೆಳಿಗ್ಗೆ ಎದ್ದು ಬಾರಲ್ಲಿ ಕೂತ್ಕೊಂಡು ಮಕ್ಕಳ ವಯಸ್ಸಿನೋಳನ್ನ ನೋಡೋದು, ಅವಳು ನೋಡಲಿಲ್ಲ ಅಂತ ಗೋಳಾಡೋದು! ಒಳ್ಳೇದೇ ಮಾಡಿದಳು.”

ಮಾತು ತಪ್ಪಿಸಲು ಗಾಯಕಿಯ ಕಡೆ ಹೊರಳಿದೆ. 1963ರಲ್ಲಿ ನ್ಯೂಯಾರ್ಕಿನಲ್ಲಿ ರೆಕಾರ್ಡಿಂಗ್. ಪೋರ್ಚುಗೀಸಿನಲ್ಲಿ ಹಾಡಿದ್ದು ಜುವಾವ್ ಜಿಲ್ಬೆರ್ತೊ. ಇಂಗ್ಲಿಷ್ ಸಾಲುಗಳಿಗೆ ಯಾರೆಂದು ಹುಡುಕಿದರೆ, ಇಂಗ್ಲಿಷ್ ಬರುತ್ತಿದ್ದ ಅವರ ಹೆಂಡತಿ ಆಸ್ತ್ರುಜ್ ಅಲ್ಲೇ ಇದ್ದಳು. ಅದೊಂದೇ ಹಾಡಿನ ರೆಕಾರ್ಡ್, ಅಂದರೆ ಸಿಂಗಲ್ ಆಗಿ ಬಿಡುವಾಗ ಹಾಡು ಉದ್ದವಾಯಿತೆಂದು ಕತ್ತರಿ ಹಾಕಿದರು. ಹೋದದ್ದು ಗಂಡನ ದನಿ. ಉಳಿದ ಹೆಂಡತಿಯ ದನಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 5ನೇ ಸ್ಥಾನಕ್ಕೇರಿ, 1965ರಲ್ಲಿ ಗ್ರ್ಯಾಮಿ ಪ್ರಶಸ್ತಿಯನ್ನೂ ತಂದಿತು.

“ಆ ಕತ್ತರಿ ಎಲ್ಲಿ ಸಿಗತ್ತಪ್ಪಾ? ನಮ್ಮನೆಯವರಿಗೂ ಬೇಕಿತ್ತು” ಅಂದರು ಆಂಟಿ. ಅಂಕಲ್ ಭಜನಾ ಮಂಡಳಿಯ ಖಾಯಂ ಸದಸ್ಯರು, ಶ್ರುತಿಗೂ ಅವರಿಗೂ ಮಾತುಕತೆ ನಿಂತು ಬಹಳ ವರ್ಷವಾಗಿದೆ.

“ಸರಿ, ಆ ಹುಡುಗಿಗೆ ಏನು ಸಿಕ್ತು?”

ಬಾರಿನ ಹೆಸರು ಬದಲಾಗಿ ಹಾಡಿನ ಹೆಸರಾಯಿತು, ಬೀದಿಗೆ ಕವಿಯ ಹೆಸರು ಬಂತು. ಹೆಲೋಯ್ಸಾ ತಾನೇ ಒಂದು ಬಟ್ಟೆ ಅಂಗಡಿ ತೆರೆದು ಅದಕ್ಕೂ ಹಾಡಿನ ಹೆಸರನ್ನೇ ಇಟ್ಟಳು. ಹಾಡಿನ ಹಕ್ಕುಳ್ಳ ವಾರಸುದಾರರು, ಆ ಹೆಸರು ನಮ್ಮದು ಅಂತ 2001ರಲ್ಲಿ ಅವಳ ಮೇಲೇ ಕೇಸು ಹಾಕಿದರು.

“ಯಾರ ಮೇಲೆ? ಅವಳ ಮೇಲಾ?” ಆಂಟಿಯ ದನಿ ಎಷ್ಟು ಏರಿತೆಂದರೆ ಹೊರಗಿನಿಂದ ಸೆಕ್ಯುರಿಟಿಯವನು, “ಗಾಬರಿ ಆಗ್ಬೇಡಿ ಅಮ್ಮಾ, ಬಂದೆ” ಅಂತ ಕೂಗಿದ.

“ಕೋರ್ಟಲ್ಲಿ ಅವಳೇ ಗೆದ್ದಳು ಆಂಟಿ” ಅಂದ ಮೇಲೆ ಅವರು ಚೀಲ ಎತ್ತಿಕೊಂಡರು.

ಕೀಲಿಯಿಂದ ಬಾಗಿಲು ತೆಗೆದಾಗ ನಾವು ಎರಡಕ್ಕೂ ಮೂರಕ್ಕೂ ಮಧ್ಯೆ ಇದ್ದೆವು. ಆಂಟಿಯನ್ನು ಸ್ಟೂಲ್ ಹಾಕಿ ಇಳಿಸಿದರು, ನಾನು ಹಾಲಿನ ಸಮೇತ ಧುಮುಕಿದೆ. ಹಾಲು ನನಗಿಂತ ಮೊದಲು ನೆಲ ಮುಟ್ಟಿತು.

ಸಂಜೆ ಅಸೋಸಿಯೇಷನ್ ಗ್ರೂಪಿನಲ್ಲಿ ಆಂಟಿಯ ಮೆಸೇಜು: ‘ಲಿಫ್ಟಿನ ಹಾಡು ಚೆನ್ನಾಗಿಲ್ಲ. ಸಂಸಾರಸ್ಥರು ಓಡಾಡೋ ಜಾಗ. ವಿವರ ಬೇಕಿದ್ದರೆ ನಾಲ್ಕನೇ ಮಹಡಿಯವರನ್ನು ಕೇಳಿ.’ ನಾಲ್ಕನೇ ಮಹಡಿಯವನು ನಾನು. ಡೀಸೆಲ್ ವಿಷಯ ಯಾರೂ ಎತ್ತಲಿಲ್ಲ. ಸೆಕ್ರೆಟರಿ ತಕ್ಷಣ ಪೋಲ್ ಹಾಕಿದರು: ಹಾಡು ಇರಲಿ, ಅಥವಾ ಕೊಳಲು. ‘ಇರಲಿ’ ಅಂತ ವೋಟು ಒತ್ತಿದವರೆಲ್ಲ ಮದುವೆಯಾದ ಗಂಡಸರು. ವಾಟ್ಸಾಪಿನಲ್ಲಿ ಯಾರು ಯಾವುದಕ್ಕೆ ಒತ್ತಿದರೆಂದು ಎಲ್ಲರಿಗೂ ಕಾಣುತ್ತದೆ ಅನ್ನುವುದು ಅವರಿಗೆ ಊಟಕ್ಕೆ ಕೂತಾಗಲೇ ಗೊತ್ತಾದದ್ದು. ರಾತ್ರಿ ಹತ್ತರೊಳಗೆ ಕೊಳಲು ಭಾರೀ ಬಹುಮತದಿಂದ ಗೆದ್ದಿತು.