ಡ್ಯಾಶ್‌ಬೋರ್ಡಿನ ಗಡಿಯಾರ: ಬಿಸಾಡುವ ಮುಂಚೆ ಬಿಚ್ಚಿ ನೋಡಿ

"ಇಂಡಿಯಾದಲ್ಲಿದ್ದ ಕಾರಾ? ಹಾಗಾದರೆ ಮೊದಲು ಗಡಿಯಾರದ ಹಿಂಬದಿ ನೋಡಿ." ಇಂಗ್ಲೆಂಡಿನ ಬ್ಯೂಲಿಯಲ್ಲಿ ಸೆಪ್ಟೆಂಬರ್‌ನಲ್ಲಿ ನಡೆಯುವ ಆಟೋಜಂಬಲ್ ಸಂತೆಯಲ್ಲಿ ಹಳೆ ಮೀಟರುಗಳನ್ನು ಹರವಿಕೊಂಡು ಕೂತ ಅಜ್ಜನೊಬ್ಬ ಗಿರಾಕಿಗೆ ಕೊಟ್ಟ ಸಲಹೆ ಇದು. ಮಗ್ಗುಲಲ್ಲೇ ಒಬ್ಬ ಬೆಂಗಳೂರಿನವ ನಿಂತಿದ್ದಾನೆಂದು ಅವನಿಗೇನು ಗೊತ್ತು. ಚುರುಕ್ ಎಂದಿತು, ಯಾಕೆಂದರೆ ಮಾತು ಸುಳ್ಳಲ್ಲ. ನಮ್ಮ ಕಡೆಯ ಹಳೆ ಮಾರಿಸ್, ಆಸ್ಟಿನ್, ಜಾಗ್ವಾರ್‌ಗಳಲ್ಲಿ ಗಡಿಯಾರದ ಮುಖ ಉಳಿದಿದ್ದರೂ ಅದರ ಬೆನ್ನಿಗೆ ಗೋಡೆ ಗಡಿಯಾರದ ಪ್ಲಾಸ್ಟಿಕ್ ಡಬ್ಬಿ ಅಂಟಿರುತ್ತದೆ. ಮುಖವೂ ಉಳಿಯದಿದ್ದರೆ ಆ ತೂತಿನಲ್ಲಿ ಆಂಪಿಯರ್ ಮೀಟರ್ ಕೂತಿರುತ್ತದೆ.

ಅದೇ ಮೇಜಿನ ಮೇಲೆ ಬ್ರಿಟಿಷ್ ಮೀಟರ್ ಕಂಪನಿ ಸ್ಮಿತ್ಸ್‌ನ, 52 ಮಿ.ಮೀ. ಅಳತೆಯ ಎರಡು ಗಡಿಯಾರಗಳಿದ್ದವು. ಒಂದು ಹೊಸ ರೀಪ್ರೊಡಕ್ಷನ್, ಅಂದರೆ ಹಳೆ ಮಾದರಿಯನ್ನೇ ನೋಡಿ ಈಗ ಮಾಡಿದ್ದು, ಟಿಕ್‌ಟಿಕ್ ಎನ್ನುತ್ತಿತ್ತು. ಇನ್ನೊಂದರ ಮೇಲೆ ಒಂದು ಚೀಟಿ: "ಓಡುತ್ತಿಲ್ಲ, ಬಿಚ್ಚಿಲ್ಲ." ಬೆಲೆ ಜಾಸ್ತಿ ಇದ್ದದ್ದು ಓಡದಿರುವುದಕ್ಕೆ. ನಮ್ಮಲ್ಲಿ ಇಂಥ ಚೀಟಿ ಅಂಟಿಸಿದರೆ ಗುಜರಿಯವನೂ ತೂಕಕ್ಕೆ ಹಾಕಿಯೇ ಮಾತಾಡುತ್ತಾನೆ. ಇಲ್ಲಿ "ಬಿಚ್ಚಿಲ್ಲ" ಎನ್ನುವುದೇ ಗುಣ. ಒಳಗೆ ಯಾರೂ ಸ್ಕ್ರೂಡ್ರೈವರ್ ತೂರಿಸಿಲ್ಲ, ಹೇರ್‌ಸ್ಪ್ರಿಂಗ್ (ಕೂದಲೆಳೆಯಂಥ ಸುರುಳಿ ಸ್ಪ್ರಿಂಗ್) ಎಳೆದಿಲ್ಲ, ಎಣ್ಣೆ ಸುರಿದಿಲ್ಲ ಎಂದು ಅರ್ಥ. ಕೆಟ್ಟದ್ದನ್ನು ಸರಿಮಾಡಬಹುದು, ಕೆಡಿಸಿದ್ದನ್ನು ಸರಿಮಾಡುವುದು ಕಷ್ಟ ಎಂಬ ಲೆಕ್ಕ.

ಬೆಂಗಳೂರಿನಲ್ಲಿ ಕಾರಿನ ಸ್ಪೇರ್ ಅಂಗಡಿಗಳಿರುವ ಜೆ.ಸಿ. ರಸ್ತೆಯ ಲೆಕ್ಕ ಬೇರೆ. "ಸಾರ್, ಇದೆಲ್ಲಾ ಓಡಲ್ಲ, ಬಿಸಾಕಿ. ಹೊಸಾದು ಹಾಕ್ಕೊಡ್ತೀನಿ, ಶೋರೂಮ್ ಕಂಡಿಷನ್." ಬಿಸಾಕುವ ಮುಂಚೆ ಒಳಗೇನಿದೆ ಎಂದು ಒಬ್ಬರೂ ನೋಡುವುದಿಲ್ಲ. ಕೋಪ ಬರುವುದು ಇಲ್ಲಿಗೆ, ಯಾಕೆಂದರೆ ಒಳಗಿರುವುದು ಬಲು ಸರಳ. ಐವತ್ತರ, ಅರವತ್ತರ ದಶಕದ ಸ್ಮಿತ್ಸ್ ಎಲೆಕ್ಟ್ರಿಕ್ ಗಡಿಯಾರದಲ್ಲಿ ಅತ್ತಿತ್ತ ತೂಗುವ ಒಂದು ಚಕ್ರ (ಬ್ಯಾಲೆನ್ಸ್ ವೀಲ್), ಒಂದು ಕಾಯಿಲ್, ತಾಗಿದಾಗ ಕರೆಂಟ್ ಹರಿಸುವ ಒಂದು ಜೊತೆ ಪಾಯಿಂಟ್. ಚಕ್ರ ತೂಗುವಾಗ ಪಾಯಿಂಟ್ ಕೂಡುತ್ತದೆ, ಕಾಯಿಲ್‌ಗೆ ಕರೆಂಟ್ ಹರಿಯುತ್ತದೆ, ಉಯ್ಯಾಲೆಗೆ ಹದವಾಗಿ ಕೈಕೊಟ್ಟಂತೆ ಚಕ್ರಕ್ಕೆ ಒಂದು ತಳ್ಳು ಸಿಗುತ್ತದೆ. ಅಷ್ಟೇ. ಕೆಡುವುದಕ್ಕೂ ಮೂರೋ ನಾಲ್ಕೋ ದಾರಿಗಳಷ್ಟೇ ಇವೆ: ಹಳೆ ಎಣ್ಣೆ ಅಂಟಾಗುವುದು, ಪಾಯಿಂಟ್ ಕಪ್ಪಾಗುವುದು, ಹೇರ್‌ಸ್ಪ್ರಿಂಗ್ ಸುರುಳಿಗಳು ಒಂದಕ್ಕೊಂದು ತಾಗುವುದು, ಕಾಯಿಲ್ ಸುಡುವುದು.

ಇವುಗಳಲ್ಲಿ ಕಾಯಿಲ್ ಸುಡುವುದು ನಮ್ಮೂರಿನ ರೋಗ. ಮಳೆಗಾಲವಿಡೀ ಕಾರನ್ನು ಶೆಡ್ಡಿನಲ್ಲಿ ನಿಲ್ಲಿಸುತ್ತೇವೆ. ಗಡಿಯಾರದ ವೈರು ಇಗ್ನಿಷನ್ ಮೂಲಕ ಬರುವುದಿಲ್ಲ, ನೇರ ಬ್ಯಾಟರಿಯಿಂದ ಬರುತ್ತದೆ. ಬ್ರಿಟಿಷ್ ಕಾರುಗಳಲ್ಲಿ ಬಳಸುವ ಲೂಕಾಸ್ ಕಂಪನಿಯ ವೈರು ಬಣ್ಣದ ಪದ್ಧತಿಯಲ್ಲಿ ನೇರಳೆ ವೈರು ಎಂದರೆ ಫ್ಯೂಸ್ ದಾಟಿ ಬಂದ, ಸದಾ ಕರೆಂಟ್ ಇರುವ ವೈರು. ಕಂದು ಎಂದರೆ ಫ್ಯೂಸೇ ಇಲ್ಲದ್ದು. ಬ್ಯಾಟರಿ ಇಳಿಯುತ್ತ ಬಂದಾಗ ತಳ್ಳುವ ಬಲ ಸಾಲದೆ ಚಕ್ರ ನಿಲ್ಲುತ್ತದೆ. ಪಾಯಿಂಟ್ ಕೂಡಿದ ಜಾಗದಲ್ಲೇ ನಿಂತರೆ ಕಾಯಿಲ್‌ನಲ್ಲಿ ಕರೆಂಟ್ ಹರಿಯುತ್ತಲೇ ಇರುತ್ತದೆ. ಆಯುಧಪೂಜೆಗೆ ಕಾರು ತೊಳೆದು ಚಾರ್ಜ್ ಮಾಡಿದ ದಿನ ಅದು ಹೊಗೆಯಾಡಿ ಸಾಯುತ್ತದೆ. ಅರ್ಧ ಆಂಪಿಯರ್‌ನ ಒಂದು ಇನ್‌ಲೈನ್ ಫ್ಯೂಸ್, ನಿಲ್ಲಿಸುವಾಗ ಬ್ಯಾಟರಿ ಕಟ್-ಆಫ್ ಸ್ವಿಚ್: ಇಷ್ಟು ಸಾಕಿತ್ತು.

ಅಮೆರಿಕದ ಹಳೆ ಕಾರುಗಳ ಬೋರ್ಗ್ ತರಹದ ಗಡಿಯಾರಕ್ಕೂ ಇದೇ ಗತಿ, ದಾರಿ ಮಾತ್ರ ಬೇರೆ. ಅಲ್ಲಿ ಕಾಯಿಲ್ ಚಕ್ರವನ್ನು ತಳ್ಳುವುದಿಲ್ಲ. ನಿಮಿಷ ಎರಡು ನಿಮಿಷಕ್ಕೊಮ್ಮೆ ಸಣ್ಣ ಸ್ಪ್ರಿಂಗನ್ನು ಟಕ್ ಎಂದು ಸುತ್ತುತ್ತದೆ. ವೋಲ್ಟೇಜ್ ಕಮ್ಮಿಯಾದರೆ ಸುತ್ತು ಪೂರ್ತಿಯಾಗದೆ ಪಾಯಿಂಟುಗಳು ಬೆಸೆದುಕೊಳ್ಳುತ್ತವೆ. ಈ ಜಾತಿಯದಕ್ಕೆ ಅರ್ಧ ಆಂಪಿಯರ್ ಸಾಲದು, ಸುತ್ತುವ ಕ್ಷಣದಲ್ಲಿ ಜಾಸ್ತಿ ಎಳೆಯುತ್ತದೆ. ಮರ್ಸಿಡಿಸ್‌ನ ಕೀನ್ಸ್ಲೆ ಗಡಿಯಾರದಲ್ಲಿ ಜರ್ಮನ್ನರು ಒಂದು ಜಾಣತನ ಮಾಡಿದ್ದಾರೆ: ಬೇಗ ಕರಗುವ ಬೆಸುಗೆಯ ಒಂದು ಕೀಲು. ಕಾಯಿಲ್ ಬಿಸಿಯಾದರೆ ಬೆಸುಗೆ ಬಿಟ್ಟು ಕರೆಂಟ್ ತಪ್ಪುತ್ತದೆ. ಅದನ್ನು ಮಾಮೂಲಿ ತವರ-ಸೀಸದ ಸಾಲ್ಡರ್‌ನಿಂದ ಮತ್ತೆ ಅಂಟಿಸಿದರೆ ರಕ್ಷಣೆಯೇ ಹೋಯಿತು, ಅದು ಕರಗುವುದು 183 ಡಿಗ್ರಿಯಲ್ಲಿ. 100 ಡಿಗ್ರಿಯ ಒಳಗೇ ಕರಗುವ ಮಿಶ್ರಲೋಹ ಬೇಕು.

ಮೊದಲು ಮಾಡಬೇಕಾದ್ದು ಇದು. ಗಡಿಯಾರ ಹೊರತೆಗೆಯಿರಿ, ಮಲ್ಟಿಮೀಟರಿನಲ್ಲಿ ಕಾಯಿಲ್‌ನ ರೆಸಿಸ್ಟೆನ್ಸ್ ನೋಡಿ. ಪಾಯಿಂಟ್ ಕೂಡಿದ್ದಾಗಲೂ ಏನೂ ತೋರಿಸದಿದ್ದರೆ ಕಾಯಿಲ್ ಹೋಗಿರಬಹುದು, ಇಲ್ಲವೇ ಪಾಯಿಂಟ್ ಕಪ್ಪಾಗಿರಬಹುದು. ತೋರಿಸಿದರೆ ಅರ್ಧ ಕೆಲಸ ಮುಗಿದಂತೆ. ಸ್ಮಿತ್ಸ್‌ನ ಬಹುಪಾಲು ಬೆಝೆಲ್‌ಗಳನ್ನು (ಗಾಜು ಹಿಡಿದಿರುವ ಸುತ್ತಿನ ಬಳೆಗಳನ್ನು) ಮೀಟಿ ತೆಗೆಯುವಂತಿಲ್ಲ, ತಿರುಗಿಸಬೇಕು. ಬೆಝೆಲ್‌ನ ಒಳಗಿನ ನಾಲಿಗೆಗಳು ಡಬ್ಬಿಯ ಅಂಚಿನ ಕಚ್ಚುಗಳ ಎದುರು ಬಂದಾಗ ತಾನಾಗಿ ಬರುತ್ತದೆ. ತಿರುಗದಿದ್ದರೆ ಅಂಚಿಗೆ ತುಕ್ಕು ಬಿಡಿಸುವ ಎಣ್ಣೆ ಸವರಿ, ಮುಖ ಮೇಲೆ ಮಾಡದೆ ರಾತ್ರಿಯಿಡೀ ಬಿಡಿ. ಅವಸರಪಟ್ಟು ಸ್ಕ್ರೂಡ್ರೈವರ್ ಹಾಕಿದರೆ ಮೊದಲು ಹೋಗುವುದು ಗಾಜು, ಆಮೇಲೆ ಕ್ರೋಮ್.

ಪಾಯಿಂಟಿಗೆ ಎಮರಿ ಕಾಗದ ಬೇಡ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ದಪ್ಪ ಕಾಗದದ ಪಟ್ಟಿಯನ್ನು ನಡುವೆ ಇಟ್ಟು ಮೆಲ್ಲಗೆ ಎಳೆದರೆ ಸಾಕು. ಎಣ್ಣೆ ಪಿವಟ್‌ಗಳಿಗೆ, ಅಂದರೆ ಚಕ್ರಗಳ ಅಚ್ಚಿನ ತುದಿಗಳಿಗೆ ಮಾತ್ರ, ಸೂಜಿ ಮೊನೆಯಷ್ಟು, ಅದೂ ಗಡಿಯಾರದ ಸಿಂಥೆಟಿಕ್ ಎಣ್ಣೆ. ಹೊಲಿಗೆ ಮಷೀನಿನ ಎಣ್ಣೆ ಬಿಟ್ಟರೆ ಆರು ತಿಂಗಳು ಚೆನ್ನಾಗಿ ಓಡಿ, ಹೇರ್‌ಸ್ಪ್ರಿಂಗ್‌ಗೆ ಹರಿದು, ಸುರುಳಿಗಳನ್ನು ಅಂಟಿಸಿ, ಗಂಟೆಗೆ ಹತ್ತು ನಿಮಿಷ ಮುಂದೆ ಓಡಲು ಶುರುಮಾಡುತ್ತದೆ. ಡಯಲ್‌ಗೆ ಸ್ಪಿರಿಟ್ ತಾಗಿಸಲೇಬೇಡಿ, ಅಕ್ಷರ ಬಟ್ಟೆಗೆ ಬರುತ್ತದೆ. ಮೆತ್ತನೆ ಬ್ರಷ್ಷಿನಲ್ಲಿ ಧೂಳು ಹೊಡೆದರೆ ಮುಗಿಯಿತು.

ಮೇಜಿನ ಮೇಲೆ ಪರೀಕ್ಷಿಸುವಾಗ ಕರೆಂಟ್ ಮಿತಿ ಇಡಬಹುದಾದ ಸಪ್ಲೈ ಬಳಸಿ, ಸ್ಮಿತ್ಸ್ ತರಹದ್ದಕ್ಕೆ 500 ಮಿಲಿ ಆಂಪಿಯರ್‌ಗಿಂತ ಮೇಲೆ ಬಿಡಬೇಡಿ. 1967ರ ತನಕದ ಬಹಳಷ್ಟು ಬ್ರಿಟಿಷ್ ಕಾರುಗಳು ಪಾಸಿಟಿವ್ ಅರ್ಥ್, ಅಂದರೆ ಬ್ಯಾಟರಿಯ ಪ್ಲಸ್ ಬಾಡಿಗೆ ಸೇರಿರುತ್ತದೆ ಎಂಬುದು ನೆನಪಿರಲಿ. ಪಾಯಿಂಟ್ ಗಡಿಯಾರಕ್ಕೆ ಸಾಮಾನ್ಯವಾಗಿ ಇದು ಬಾಧಕವಲ್ಲ. ಟ್ರಾನ್ಸಿಸ್ಟರ್ ಇರುವುದಕ್ಕೆ, ಹೊಸ ಕ್ವಾರ್ಟ್ಜ್ ರೀಪ್ರೊಗೆ ಬಾಧಕ. ನಮ್ಮಲ್ಲಿ ಹೊಸ ಗಡಿಯಾರ "ತಂದ ದಿನವೇ ಹೋಯ್ತು" ಎನ್ನುವ ದೂರಿನ ಹಿಂದೆ ಬಹುಪಾಲು ಇದೇ ಇರುತ್ತದೆ.

ರೀಪ್ರೊಡಕ್ಷನ್ ಎಂದರೆ ಎಲ್ಲವೂ ಕಳಪೆ ಎಂದಲ್ಲ. ಸ್ಮಿತ್ಸ್ ಹೆಸರಿನಲ್ಲೇ ವೇಲ್ಸಿನ ಕಾಯರ್‌ಬಾಂಟ್ ಕಂಪನಿ ಇವತ್ತಿಗೂ ಹಳೆ ಮಾದರಿಯ ಮೀಟರುಗಳನ್ನು ಮಾಡುತ್ತದೆ, ತೂತಿಗೆ ಸರಿಯಾಗಿ ಕೂರುತ್ತವೆ. ಆದರೂ ಹೊಸದು ಪಕ್ಕದ ಪೆಟ್ರೋಲ್ ಮೀಟರು, ಆಯಿಲ್ ಮೀಟರುಗಳ ಸಾಲಿನಲ್ಲಿ ಬಾಯಿ ಬಿಟ್ಟುಕೊಂಡು ಕಾಣುತ್ತದೆ. ಅಕ್ಷರ ಅತಿ ಬಿಳಿ, ಕಪ್ಪು ಅತಿ ಕಪ್ಪು. ರಾತ್ರಿ ಇನ್ನೂ ಕಷ್ಟ: ಉಳಿದವು 2.2 ವಾಟ್ ಬಲ್ಬಿನ ಹಳದಿ ಬೆಳಕಿನಲ್ಲಿ ಮಿಣುಕುವಾಗ ಇದೊಂದು ಎಲ್‌ಇಡಿ ಬಿಳುಪಿನಲ್ಲಿ ಉರಿಯುತ್ತದೆ. (ಬಲ್ಬ್ ಹಾಕುವ ಜಾಗ ಇದ್ದರೆ ಎಲ್‌ಇಡಿ ತೆಗೆದು ಹಳೆ 987 ನಂಬರಿನ ಸ್ಕ್ರೂ ಬಲ್ಬ್ ಹಾಕಿ, ಕೆಂಪು-ಬಿಳಿ ವೈರು ಅದರದ್ದು.) ಇದನ್ನೆಲ್ಲ ಯಾರು ನೋಡುತ್ತಾರೆ ಎಂದು ಊರಿನಲ್ಲಿ ಕೇಳುತ್ತಾರೆ. ನಿಜ, ನೋಡುವುದಿಲ್ಲ. ಐವತ್ತು ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ಎಂದು ಗುರುತಿಸುವ ವಿಎ ನಂಬರು ಕೊಡುವ 2021ರ ಕೇಂದ್ರ ನಿಯಮ ಮೂಲ ರೂಪ ಕೇಳುವುದು ಷಾಸಿ, ಬಾಡಿ, ಎಂಜಿನ್ನಿಗೆ. ಗಡಿಯಾರಕ್ಕೆ ಅಲ್ಲಿ ಯಾರೂ ದಿಕ್ಕಿಲ್ಲ.

ನನ್ನ ಕೇಳಿದರೆ ಕ್ರಮ ಹೀಗೆ: ಮೊದಲು ಒರಿಜಿನಲ್ ರಿಪೇರಿ. ಆಗದಿದ್ದರೆ ಒರಿಜಿನಲ್ ಡಬ್ಬಿ, ಡಯಲ್, ಮುಳ್ಳು, ಗಾಜು ಹಾಗೇ ಇಟ್ಟು ಒಳಗೆ ಮಾತ್ರ ಕ್ವಾರ್ಟ್ಜ್, ತೆಗೆದ ಯಂತ್ರ ಡಬ್ಬಿಯಲ್ಲಿ ಭದ್ರ. ಪೂರ್ತಿ ರೀಪ್ರೊ ಕೊನೆಗೆ.

ನಡುವಿನ ದಾರಿಯಲ್ಲಿ ಎಡವುವುದು ಮುಳ್ಳಿನಲ್ಲಿ. ಹಳೆ ಮುಳ್ಳಿನ ತೂತು ಕ್ವಾರ್ಟ್ಜ್ ಕಡ್ಡಿಗೆ ಸರಿಹೊಂದುವುದಿಲ್ಲ, ಹಿತ್ತಾಳೆಯ ಸಣ್ಣ ಬುಷ್ ಮಾಡಿಸಬೇಕು. ಮುಳ್ಳು ಭಾರವಾದರೆ ಸಣ್ಣ ಮೋಟರು ಒಂಬತ್ತರಿಂದ ಹನ್ನೆರಡರ ಏರಿನಲ್ಲಿ ತಿಣುಕುತ್ತದೆ. ಜಾಸ್ತಿ ಟಾರ್ಕಿನ ಯಂತ್ರವನ್ನೇ ಕೇಳಿ ತರಬೇಕು. ಕರೆಂಟಿಗೆ ಎಲ್‌ಎಂ 317 ರೆಗ್ಯುಲೇಟರ್, 240 ಓಮ್ ಮತ್ತು 47 ಓಮ್ ರೆಸಿಸ್ಟರ್: ಸರಿಯಾಗಿ 1.5 ವೋಲ್ಟ್. 6 ವೋಲ್ಟಿನ ಕಾರಿಗೂ ನಡೆಯುತ್ತದೆ. ಡೈನಮೋದ ಏರಿಳಿತ ತಡೆಯಲು ಮುಂದೆ ಒಂದು ಟಿವಿಎಸ್ ಡಯೋಡ್ ಇರಲಿ. ಪಾಸಿಟಿವ್ ಅರ್ಥ್ ಕಾರಿನಲ್ಲಿ ಈ ಬೋರ್ಡಿನ ಯಾವ ಲೋಹದ ಭಾಗವೂ ಡಬ್ಬಿಗೆ ತಾಗಬಾರದು. ಬೋರ್ಡಿನ ಪ್ಲಸ್ ಬಾಡಿಗೆ, ಮೈನಸ್ ನೇರಳೆ ವೈರಿಗೆ. ಇದು ಎಳೆಯುವುದು ಸುಮಾರು 5 ಮಿಲಿ ಆಂಪಿಯರ್, ತಿಂಗಳಿಗೆ 3.6 ಆಂಪಿಯರ್-ಅವರ್. 45ರ ಬ್ಯಾಟರಿಗೆ ಅದು ದೊಡ್ಡದಲ್ಲ, ಆದರೆ ಮಳೆಗಾಲದ ನಾಲ್ಕು ತಿಂಗಳಿಗೆ ಕೂಡಿಸಿ ನೋಡಿ.

ಇಷ್ಟೆಲ್ಲ ಇಂಗ್ಲಿಷರ ಪರ ಹೇಳಿದ ಮೇಲೆ ಅವರ ಹುಳುಕೂ ಹೇಳಬೇಕು. "ಬಿಚ್ಚಿಲ್ಲ" ಎನ್ನುವ ಹೆಮ್ಮೆಯಲ್ಲಿ ಅವರು ಕೊನೆಗೂ ಬಿಚ್ಚುವುದೇ ಇಲ್ಲ. ಯಾವ ಕ್ಲಾಸಿಕ್ ಕಾರ್ ಮೇಳಕ್ಕೆ ಹೋದರೂ ಹತ್ತು ಕಾರಿನಲ್ಲಿ ಹತ್ತು ಟೈಮು, ಒಂದೂ ಓಡುತ್ತಿಲ್ಲ. ಕೇಳಿದರೆ ನಕ್ಕು "ದಿನಕ್ಕೆ ಎರಡು ಸಲ ಸರಿ ತೋರಿಸುತ್ತದೆ" ಎನ್ನುತ್ತಾರೆ. ರಿಪೇರಿಗೆ ಕೊಟ್ಟರೆ ಪೋಸ್ಟಿನಲ್ಲಿ ಕಳಿಸಿ, ತಿಂಗಳುಗಟ್ಟಲೆ ಕಾದು, ರೀಪ್ರೊಗಿಂತ ಜಾಸ್ತಿ ಬಿಲ್ ಕಟ್ಟಬೇಕು. ಬೆಂಗಳೂರಿನಲ್ಲೋ, 2016ರಲ್ಲಿ ಎಚ್‌ಎಂಟಿ ವಾಚ್ ಕಂಪನಿ ಮುಚ್ಚುವ ತೀರ್ಮಾನವಾದ ಮೇಲೂ ಆ ವಿದ್ಯೆ ಇರುವ ಕೈಗಳು ಸಣ್ಣ ಅಂಗಡಿಗಳಲ್ಲಿ ಉಳಿದಿವೆ. ಸುಟ್ಟ ಕಾಯಿಲನ್ನು ಸುತ್ತು ಎಣಿಸಿ ಬಿಚ್ಚಿ, ಅದೇ ಗೇಜಿನ ತಂತಿಯಲ್ಲಿ ಮತ್ತೆ ಸುತ್ತಿಕೊಡಬಲ್ಲವರು. ಆ ಹಿತ್ತಾಳೆ ಬುಷ್ಷನ್ನು ಲೇತಿನಲ್ಲಿ ಹತ್ತು ನಿಮಿಷಕ್ಕೆ ಕಡೆದುಕೊಡಬಲ್ಲವರು. ಅವರ ಹತ್ತಿರ ಗಡಿಯಾರ ಹೋಗುವುದೇ ಇಲ್ಲ. ಸ್ಪೇರ್ ಅಂಗಡಿಯವನೂ ವಾಚ್ ರಿಪೇರಿಯವನೂ ಒಂದೇ ರಸ್ತೆಯ ಎರಡು ಬದಿಯಲ್ಲಿದ್ದರೂ ಕಾರಿನವನು ರಸ್ತೆ ದಾಟುವುದಿಲ್ಲ.

ರೀಪ್ರೊ ಹಾಕಲೇಬೇಕಾದ ಸಂದರ್ಭವೂ ಇದೆ. ಎರಡನೇ ಮಹಾಯುದ್ಧಕ್ಕೆ ಮುಂಚಿನ, ಕೆಲವು ಆಮೇಲಿನ ಡಯಲ್‌ಗಳ ಹೊಳೆಯುವ ಬಣ್ಣದಲ್ಲಿ ರೇಡಿಯಂ ಇದೆ. ಈಗ ಹೊಳೆಯುವುದಿಲ್ಲ ಎಂದರೆ ಅದರ ಜೊತೆಗಿದ್ದ ಝಿಂಕ್ ಸಲ್ಫೈಡ್ ಸತ್ತಿದೆ ಎಂದಷ್ಟೇ. ರೇಡಿಯಂ ಅರ್ಧಕ್ಕೆ ಇಳಿಯಲು 1600 ವರ್ಷ ಬೇಕು. ಕಂದುಗಟ್ಟಿ ಉದುರುತ್ತಿರುವ ಅಂಥ ಡಯಲನ್ನು ಊಟದ ಮೇಜಿನ ಮೇಲೆ ಬಿಚ್ಚಿ ಕೆರೆಯುವುದು ಹುಚ್ಚುತನ. ಮಂಗಳೂರು, ಉಡುಪಿ ಕಡೆ ದಿನಾ ಓಡಿಸುವ ಕಾರಿಗೂ ಕ್ವಾರ್ಟ್ಜೇ ವಾಸಿ. ಉಪ್ಪುಗಾಳಿಗೆ ಹೇರ್‌ಸ್ಪ್ರಿಂಗ್ ತುಕ್ಕು ಹಿಡಿಯುವುದನ್ನು ಯಾವ ಎಣ್ಣೆಯೂ ತಡೆಯುವುದಿಲ್ಲ.

ಒಪ್ಪಿಕೊಳ್ಳಲು ಮನಸ್ಸಿಲ್ಲದ ಇನ್ನೊಂದಿದೆ. ಜಾಗ್ವಾರ್ ಕಂಪನಿಯೇ ಎರಡನೇ ಸರಣಿಯ ಇ-ಟೈಪ್‌ನಲ್ಲಿ ಗಡಿಯಾರದ ಬೆನ್ನಿಗೆ ಪ್ಲಾಸ್ಟಿಕ್ ಗೂಡು ಇಟ್ಟು, ಅದರಲ್ಲಿ ಪಾದರಸದ ಸೆಲ್ ಹಾಕಿತ್ತು. 1.35 ವೋಲ್ಟಿನ ಆ ಸೆಲ್ ಈಗ ಸಿಗುವುದಿಲ್ಲ, 1.5 ವೋಲ್ಟಿನದು ಹಾಕಿ ಅದರ ವೈರಿನಲ್ಲಿ ಸೀರೀಸ್ ಆಗಿ ಒಂದು ಷಾಟ್ಕಿ ಡಯೋಡ್ ಕೊಟ್ಟರೆ ಹೆಚ್ಚುವರಿ ವೋಲ್ಟೇಜ್ ಇಳಿಯುತ್ತದೆ. ಅಂದರೆ ಬ್ಯೂಲಿಯ ಅಜ್ಜ ಆಡಿಕೊಂಡ, ಬೆನ್ನಿಗೆ ಸೆಲ್ ಕಟ್ಟುವ ಉಪಾಯ ಅಷ್ಟೇನೂ ಕೆಟ್ಟದ್ದಲ್ಲ. ಆದರೆ ಆ ಡಬ್ಬಿಯನ್ನು ಡಯಲ್‌ಗೆ ಫೆವಿಕ್ವಿಕ್ ಹಾಕಿ ಅಂಟಿಸಬೇಡಿ. ಅದರ ಆವಿಗೆ ಗಾಜಿನ ಒಳಮುಖ ಬೆಳ್ಳಗೆ ಮಂಜಾಗುತ್ತದೆ, ಡಯಲ್ ಬಿಡಿಸಲು ಹೋದರೆ ಬಣ್ಣವೂ ಕಿತ್ತು ಬರುತ್ತದೆ. ಎರಡು ಸಣ್ಣ ಸ್ಕ್ರೂ, ಒಂದು ಹಿತ್ತಾಳೆ ಪಟ್ಟಿ ಸಾಕು.