ಎಂಟೂವರೆ ಕೋಟಿ ವರ್ಷ ಹಿಂದಕ್ಕೆ ಹೋದರೂ ಬಿಡದ ಮನೆಜಗಳ

ಓಟಿಟಿಯವರು ಇನ್ನೂ ಒಂದು ಸೀರೀಸನ್ನು ಒಂದೇ ಸೀಸನ್ನಿಗೆ ಮುಗಿಸಿದರಂತೆ. ಯಾವುದು ಅಂತ ಕೇಳಬೇಡಿ, ನೀವು ಇದನ್ನು ಓದಿ ಮುಗಿಸುವಷ್ಟರಲ್ಲಿ ಮತ್ತೊಂದು ನಿಂತಿರುತ್ತದೆ. ಕಥೆ ನಡುನೀರಿನಲ್ಲಿ, ನಾಯಕ ಕೊರಕಲಿನ ಅಂಚಿನಲ್ಲಿ, ನೋಡುಗ ಸೋಫಾದ ಮೇಲೆ. ಇದನ್ನು ಹೊಸ ಅನ್ಯಾಯವೆಂದು ಗೊಣಗುವ ಹುಡುಗರು ಸ್ವಲ್ಪ ಇತಿಹಾಸ ಓದಿಕೊಳ್ಳಬೇಕು. ಈ ಕಲೆಗೆ ಘನವಾದ ಪರಂಪರೆಯಿದೆ. ಅದರ ಮೂಲಪುರುಷರಲ್ಲಿ ಒಬ್ಬ ಡೈನೋಸಾರ್.

ಹೌದು, 'ಟೆರಾ ನೋವಾ' ಎಂಬ ಡೈನೋಸಾರ್ ಟೀವಿ ಸರಣಿಯ ಮಾತೇ. 2011ರ ಸೆಪ್ಟೆಂಬರ್ 26ಕ್ಕೆ ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ ನಾಮಕರಣ, ಡಿಸೆಂಬರ್ 19ಕ್ಕೆ ಕೊನೆಯ ಕಂತು, ಮರುವರ್ಷ ಮಾರ್ಚ್ 5ಕ್ಕೆ ತಿಥಿ. ಸ್ಟೀವನ್ ಸ್ಪೀಲ್‌ಬರ್ಗ್ ನಿರ್ಮಾಪಕರ ಸಾಲಿನಲ್ಲಿದ್ದರು. ಆ ಸಾಲಿನ ಉದ್ದವೇನು ಕೇಳುತ್ತೀರಿ, ಮದುವೆ ಕರೆಯೋಲೆಯಲ್ಲಿ 'ಸುಖಾಗಮನ ಬಯಸುವವರು' ಪಟ್ಟಿಯ ಹಾಗಿತ್ತು.

ಕಥೆ ಗೊತ್ತೇ ಇದೆ. ಇಸವಿ 2149. ಗಾಳಿ ಕೆಟ್ಟು, ಹೊರಗೆ ಕಾಲಿಟ್ಟರೆ ಮುಖಕ್ಕೆ ಉಸಿರಾಟದ ಯಂತ್ರ. ಮನೆಗೊಂದು ಕಿತ್ತಳೆ ಹಣ್ಣು ಬಂದರೆ ಹಬ್ಬ. ಎರಡೇ ಮಕ್ಕಳು ಎಂಬ ಕಾನೂನು. ಆಗ ವಿಜ್ಞಾನಿಗಳಿಗೆ ಕಾಲದಲ್ಲೊಂದು ಬಿರುಕು ಸಿಗುತ್ತದೆ. ಅದರೊಳಗೆ ಹೊಕ್ಕರೆ 8.5 ಕೋಟಿ ವರ್ಷ ಹಿಂದೆ, ಡೈನೋಸಾರುಗಳಿದ್ದ ಕ್ರಿಟೇಶಿಯಸ್ ಯುಗದಲ್ಲಿ ಎದ್ದೇಳಬಹುದು. ಒನ್ ವೇ, ವಾಪಸ್ ಬರುವಂತಿಲ್ಲ. ಭೂಮಿಯನ್ನು ಹಾಳು ಮಾಡಿಕೊಂಡವರು ಏನು ಮಾಡಬೇಕು? ಗಿಡ ನೆಡಬೇಕು ಅಂತೀರಾದರೆ ನಿಮಗೆ ಟೀವಿ ಗೊತ್ತಿಲ್ಲ. ಬಾಡಿಗೆ ಮನೆ ಕೆಡಿಸಿ ಅದೇ ಬೀದಿಯ ಇನ್ನೊಂದು ಮನೆಗೆ ಸಾಮಾನು ಸಾಗಿಸಿದ ಹಾಗೆ, ಹಳೇ ಭೂಮಿಗೆ ಶಿಫ್ಟ್ ಆಗಬೇಕು.

ಹತ್ತನೇ ತಂಡದಲ್ಲಿ ಶಾನನ್ ಕುಟುಂಬ ಹೋಗುತ್ತದೆ. ಹೆಂಡತಿ ಡಾಕ್ಟರು. ಗಂಡ ಪೊಲೀಸು; ಬಚ್ಚಿಟ್ಟ ಮೂರನೇ ಮಗುವನ್ನು ಹಿಡಿಯಲು ಬಂದವರಿಗೆ ಹೊಡೆದು ಜೈಲು ಸೇರಿ, ಅಲ್ಲಿಂದ ತಪ್ಪಿಸಿಕೊಂಡು, ಆ ಮಗುವನ್ನು ಬೆನ್ನಚೀಲದಲ್ಲಿ ತುಂಬಿಕೊಂಡು ಬಿರುಕಿಗೆ ಹಾರುತ್ತಾನೆ. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲ್ಲಿ ಅಂದಂತೆ, ಬಿಟ್ಟುಬಂದದ್ದೆಲ್ಲ ಅಲ್ಲಿಗೂ ಬರುತ್ತದೆ: ಬಂದೂಕು, ಬಂಡುಕೋರರು, ಬಾರು. ಆರನೇ ತಂಡದಲ್ಲಿ ಬಂದು ತಿರುಗಿಬಿದ್ದವರಿಗೆ 'ಸಿಕ್ಸರ್ಸ್' ಎಂದು ಹೆಸರು. ಚಿನ್ನಸ್ವಾಮಿ ಸ್ಟೇಡಿಯಂ ಬಿಟ್ಟು ಬೇರೆಡೆ ಈ ಪದ ಕೇಳದ ನಮಗೆ ಅವರ ಮೇಲೆ ಸಿಟ್ಟೇ ಬರುವುದಿಲ್ಲ.

ಈಗ ಮನೆಯೊಳಗೆ ಬನ್ನಿ. ಮಗ ಜೋಶ್‌ಗೆ 2149ರಲ್ಲೇ ಬಿಟ್ಟುಬಂದ ಹುಡುಗಿಯ ಕೊರಗು. ಅವಳನ್ನು ಕರೆಸಿಕೊಳ್ಳಲು ವಿರೋಧಿಗಳ ಜೊತೆ ಗುಟ್ಟಿನ ವ್ಯವಹಾರ. ಮಗಳು ಮ್ಯಾಡಿಗೆ ಒಬ್ಬ ಸೈನಿಕನನ್ನು ಕಂಡರೆ ಕೆನ್ನೆ ಕೆಂಪು. ಶಿಬಿರದ ಮುಖ್ಯಸ್ಥ ಕಮಾಂಡರ್ ಟೇಲರ್‌ಗೂ ಅವನ ಮಗ ಲ್ಯೂಕಸ್‌ಗೂ ಆಗಿಬರುವುದಿಲ್ಲ, ಮಗ ಮನೆ ಬಿಟ್ಟು ಕಾಡು ಸೇರಿ, ಬಿರುಕಿನಲ್ಲಿ ವಾಪಸ್ ಹೋಗುವ ದಾರಿಯ ಲೆಕ್ಕವನ್ನು ಬಂಡೆಗಳ ಮೇಲೆ ಗೀಚುತ್ತಾನೆ. ಶಿಬಿರದೊಳಗೆ ಒಬ್ಬಳು ಗೂಢಚಾರಿಣಿ. ಆಚೆ ಹತ್ತು ಟನ್ ತೂಕದ ಪ್ರಾಣಿಗಳು ಬೇಲಿ ಹಾಯಲು ಕಾಯುತ್ತಿದ್ದರೆ, ಈಚೆ 'ನೀನು ನನ್ನಿಂದ ಏನೋ ಮುಚ್ಚಿಡ್ತಿದ್ದೀಯ' ಎಂಬ ಸಂಭಾಷಣೆ. ಕೊರತೆಯೆಂದರೆ ಒಬ್ಬ ಅತ್ತೆಯದು. ಒಬ್ಬಳು ಅತ್ತೆಯಿದ್ದಿದ್ದರೆ ನಮ್ಮ ಚಾನೆಲ್‌ನವರು ಅದನ್ನೇ ಸಾವಿರ ಕಂತು ಓಡಿಸಿ, ಡೈನೋಸಾರಿಗೆ ಸೀಮಂತವನ್ನೂ ಮಾಡಿಸುತ್ತಿದ್ದರು.

ಡೈನೋಸಾರ್ ತೋರಿಸ್ತೀವಿ ಅಂತ ಕರೆದು ಜಗಳ ತೋರಿಸಿದ್ದೇಕೆ? ಬರಹಗಾರರು ದಡ್ಡರಾಗಿದ್ದರಿಂದ ಅಲ್ಲ. ಲೆಕ್ಕ ಹಾಕಿ ನೋಡಿ.

ಊಟದ ಮೇಜಿನ ದೃಶ್ಯಕ್ಕೆ ಬೇಕಾದದ್ದು ಐದು ಜನ, ಎರಡು ಕ್ಯಾಮೆರಾ, ಒಂದು ಮಧ್ಯಾಹ್ನ. ನಾಲ್ಕು ನಿಮಿಷ ಸಿಕ್ಕಿತು. ಡೈನೋಸಾರ್ ಬಂದು ಮೂಸಿ ಹೋಗುವ ಹತ್ತು ಸೆಕೆಂಡಿಗೆ 240 ಫ್ರೇಮ್ ಬೇಕು, ಏಕೆಂದರೆ ಸೆಕೆಂಡಿಗೆ 24. ಮೊದಲು ಖಾಲಿ ಜಾಗದಲ್ಲಿ ಚಿತ್ರೀಕರಣ. ಉದ್ದ ಕೋಲಿನ ತುದಿಗೆ ಚೆಂಡು ಕಟ್ಟಿ ಒಬ್ಬ ಓಡಾಡುತ್ತಾನೆ, ನಟರು ಅದನ್ನೇ ನೋಡಿ ಹೆದರಬೇಕು. ಒಬ್ಬಳು ಚೆಂಡನ್ನೂ ಇನ್ನೊಬ್ಬ ಚೆಂಡಿನ ಕೆಳಗೆ ಒಂದಡಿಯನ್ನೂ ನೋಡಿದರೆ, ಆಮೇಲೆ ಅದೇ ಜಾಗದಲ್ಲಿ ಬರುವ ಪ್ರಾಣಿಗೆ ಎರಡು ಮುಖ ಇದ್ದಂತೆ ಕಾಣುತ್ತದೆ. ಮತ್ತೆ ಅದೇ ಜಾಗದಲ್ಲಿ ಒಂದು ಬೂದು ಗುಂಡು, ಒಂದು ಕನ್ನಡಿಯಂಥ ಗುಂಡು ಹಿಡಿದು ಶೂಟ್ ಮಾಡಬೇಕು: ಬಿಸಿಲು ಯಾವ ಕಡೆಯಿಂದ, ಎಷ್ಟು ಮೆತ್ತಗೆ ಬೀಳುತ್ತಿದೆ ಎಂಬುದನ್ನು ಕಂಪ್ಯೂಟರಿಗೆ ಹೇಳುವ ಸಾಕ್ಷಿ ಅವೇ. ಅದನ್ನು ಮರೆತರೆ ಡೈನೋಸಾರ್ ಸ್ಟಿಕ್ಕರ್ ಅಂಟಿಸಿದ ಹಾಗೆ.

ಆಮೇಲೆ ಕ್ಯಾಮೆರಾ ಹೇಗೆ ಅಲುಗಿತು ಎಂಬುದನ್ನು ನೆಲದ ಕಲ್ಲು, ಕಡ್ಡಿಗಳ ಗುರುತಿನಿಂದ ಪತ್ತೆ ಹಚ್ಚುತ್ತಾರೆ. ಅಲ್ಲಿ ಎರಡು ಪಿಕ್ಸೆಲ್ ತಪ್ಪಿತೋ, ಮೃಗ ಅಡುಗೆಮನೆಯ ಒದ್ದೆ ನೆಲದ ಮೇಲೆ ಜಾರಿದಂತೆ ನಡೆಯುತ್ತದೆ. ಎಲುಬು, ಸ್ನಾಯು, ಚರ್ಮದ ಮಡಿಕೆ, ಪಾದ ಊರಿದಾಗ ಏಳುವ ಧೂಳು, ಬಾಗುವ ಕಡ್ಡಿ, ಎಲ್ಲ ಬೇರೆ ಬೇರೆ ಕೈ. ಎಲ್ಲಕ್ಕಿಂತ ಕೆಟ್ಟದ್ದು ಕಾಡು. ಪ್ರಾಣಿ ಜರೀಗಿಡದ ಹಿಂದೆ ಬರಬೇಕಾದರೆ, ಮುಂದಿರುವ ಒಂದೊಂದು ಎಲೆಯ ಅಂಚನ್ನೂ ಒಂದೊಂದು ಫ್ರೇಮಿನಲ್ಲೂ ಕತ್ತರಿಸಿ ಮುಂದೆ ತರಬೇಕು. ಇದಕ್ಕೆ ರೋಟೋ ಅಂತಾರೆ. ಹಾಲಿವುಡ್ಡಿನ ಇಂಥ ಕೆಲಸ ಬಹಳಷ್ಟು ಬಂದು ಬೀಳುವುದು ನಮ್ಮಲ್ಲೇ. ಹೈದರಾಬಾದ್, ಚೆನ್ನೈ, ಬೆಂಗಳೂರಿನ ಕಿಟಕಿಯಿಲ್ಲದ ಕೋಣೆಗಳಲ್ಲಿ. ಗಾಳಿಗೆ ಅಲುಗುವ ಎಲೆಯ ಸುತ್ತ ಚುಕ್ಕೆ ಇಡುವುದು, ಮುಂದಿನ ಫ್ರೇಮಿಗೆ ಹೋಗುವುದು, ಚುಕ್ಕೆ ಸರಿಸುವುದು. ಹತ್ತು ಸೆಕೆಂಡಿಗೆ 240 ಸಲ, ಒಂದು ಎಲೆಗೆ. ಗಿಡದಲ್ಲಿ ಎಷ್ಟು ಎಲೆ ಅಂತ ನಿರ್ದೇಶಕ ಎಣಿಸಿರುವುದಿಲ್ಲ.

ಹಾಗಾಗಿ ನಿರ್ಮಾಪಕ ಜಾಣನಾಗುತ್ತಾನೆ. ಡೈನೋಸಾರ್ ದಾಳಿ ಆದಷ್ಟೂ ರಾತ್ರಿ. ಕತ್ತಲಲ್ಲಿ ಅಂಚು ಕಾಣದು, ನೆರಳಿನ ಲೆಕ್ಕವಿಲ್ಲ. ಬಾಲದಲ್ಲಿ ಕತ್ತಿಯಿರುವ 'ಸ್ಲ್ಯಾಷರ್' ಮೊದಲ ಕಂತಿನಲ್ಲಿ ಹುಡುಗರ ಗಾಡಿಗೆ ಮುತ್ತಿಗೆ ಹಾಕಿದ್ದು ರಾತ್ರಿ ಹೊತ್ತಿನಲ್ಲೇ. ಮಿಕ್ಕ ಕಂತುಗಳಲ್ಲಿ ಪೊದೆ ಅಲುಗಿಸಿದರೆ ಸಾಕು, ದೂರದಲ್ಲೊಂದು ಗರ್ಜನೆ ಸಾಕು. ಗರ್ಜನೆಗೆ ರೋಟೋ ಬೇಡ.

ಇಷ್ಟಾದರೂ ಮೊದಲ ಕಂತಿಗೆ 1ರಿಂದ 2 ಕೋಟಿ ಡಾಲರ್, ಆಮೇಲಿನ ಒಂದೊಂದಕ್ಕೆ 40 ಲಕ್ಷದ ಹತ್ತಿರ ಎಂದು ಆಗಿನ ಪತ್ರಿಕೆಗಳು ಬರೆದವು. 2011ರ ಮೇ ತಿಂಗಳಲ್ಲಿ ತೋರಿಸುತ್ತೇವೆ ಎಂದಿದ್ದನ್ನು ಗ್ರಾಫಿಕ್ಸ್ ಮುಗಿಯದೆ ಮುಂದೂಡಿದರು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಸೆಟ್ ಹಾಕಿದರೆ ಅಲ್ಲಿ ಮಳೆಯೋ ಮಳೆ. ಪ್ರಯೋಗಕ್ಕೆಂದು ಒಂದು ಕಂತು ಮಾಡಿ ನೋಡೋಣ ಎನ್ನುವುದು ಅಮೆರಿಕನ್ ಪದ್ಧತಿ. ಇವರು ಅದನ್ನೂ ಬಿಟ್ಟು ನೇರವಾಗಿ 13 ಕಂತಿಗೆ ಸಹಿ ಹಾಕಿದ್ದರು. ಇಡೀ ಊರನ್ನೇ ಕಟ್ಟಿದ ಮೇಲೆ ಒಂದೇ ಕಂತಿಗೆ ಅದನ್ನು ಕೆಡವಲಾದೀತೆ? ಆನೆ ಕೊಂಡಾಯಿತು, ಅಂಕುಶಕ್ಕೆ ಚೌಕಾಸಿ.

ವಿಜ್ಞಾನದ ವಿಷಯ ಬೇಗ ಮುಗಿಸೋಣ. 8.5 ಕೋಟಿ ವರ್ಷದ ಹಿಂದಿನ ಬೇಲಿಯಾಚೆ ಬ್ರಾಕಿಯೋಸಾರಸ್ ಬಂದು ಆ ಮೂರನೇ ಮಗು, ಪುಟ್ಟ ಜೋಯಿಯ ಕೈಯಿಂದ ಸೊಪ್ಪು ತಿನ್ನುತ್ತದೆ. ಅದು ಬದುಕಿದ್ದದ್ದು 15 ಕೋಟಿ ವರ್ಷದ ಹಿಂದೆ. ಕಾರ್ನೋಟಾರಸ್ ಅಟ್ಟಿಸಿಕೊಂಡು ಬರುತ್ತದೆ. ಅದು ಹುಟ್ಟಲು ಇನ್ನೂ ಒಂದು ಕೋಟಿ ವರ್ಷಕ್ಕಿಂತ ಹೆಚ್ಚು ಬಾಕಿ. ಸತ್ತವರೂ ಹುಟ್ಟದವರೂ ಒಂದೇ ಪಂಕ್ತಿಯಲ್ಲಿ. ಸಲಹೆಗೆ ಜಾಕ್ ಹಾರ್ನರ್ ಅವರಂಥ ಹೆಸರಾಂತ ಪಳೆಯುಳಿಕೆ ತಜ್ಞರಿದ್ದೂ ಹೀಗೆ. ತಮಾಷೆಯೆಂದರೆ, ಕೈಯಿಂದ ಸೃಷ್ಟಿಸಿದ ಸ್ಲ್ಯಾಷರೇ ಇವೆರಡಕ್ಕಿಂತ ಪ್ರಾಮಾಣಿಕ. ಬದುಕಿದ್ದ ಪ್ರಾಣಿಗಳಲ್ಲಿ ಎಷ್ಟೋ ಜಾತಿಯ ಒಂದು ಎಲುಬೂ ನಮಗೆ ಸಿಕ್ಕಿಲ್ಲ, ಇಂಥದ್ದೊಂದು ಇದ್ದರೂ ಇದ್ದೀತು.

ಚಂದ್ರನೂ ಅಲ್ಲಿ ದೊಡ್ಡದು. ಆಗ ಭೂಮಿಗೆ ಹತ್ತಿರವಿತ್ತಂತೆ. ಇತ್ತು, ನಿಜ. ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಸರಿಯುತ್ತಾನೆ ಚಂದ್ರ, 8.5 ಕೋಟಿಯಿಂದ ಗುಣಿಸಿ, ಸುಮಾರು 3,200 ಕಿಲೋಮೀಟರ್. ಇರುವ ದೂರ 3,84,000. ನೂರಕ್ಕೆ ಒಂದೂ ಆಗಲಿಲ್ಲ. ಅಷ್ಟು ವ್ಯತ್ಯಾಸ ಬರಿಗಣ್ಣಿಗೆ ಕಂಡರೆ ಆ ಡಾಕ್ಟರಮ್ಮ ಮೊದಲು ಕಣ್ಣು ಪರೀಕ್ಷೆ ಮಾಡಬೇಕು.

ಕಾರ್ನೋಟಾರಸ್‌ಗೆ ನಮ್ಮಲ್ಲೊಬ್ಬ ದಾಯಾದಿ ಇದ್ದಾನೆ, ಗುಜರಾತಿನ ರಹಿಯೋಲಿಯಲ್ಲಿ ಸಿಕ್ಕಿ 2003ರಲ್ಲಿ ಹೆಸರು ಪಡೆದ ರಾಜಾಸಾರಸ್. ಕರ್ನಾಟಕದವರಿಗೆ ಅಂಥ ಭಾಗ್ಯವಿಲ್ಲ. ನಮ್ಮ ಬಹುಪಾಲು ಬಂಡೆ ಡೈನೋಸಾರಿಗಿಂತ ಎಷ್ಟೋ ಹಳತು. ಜನ ಕೂತು ಕಡಲೆಕಾಯಿ ತಿನ್ನುವ ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಅದರ ಲೆಕ್ಕದಲ್ಲಿ ಟೆರಾ ನೋವಾ ಮೊನ್ನೆಯ ವಿಷಯ.

ಇದೇ ದಾರಿಯಲ್ಲಿ ಇಂಗ್ಲೆಂಡಿನವರು ಮುಂದೆ ನಡೆದಿದ್ದರು. ಅಲ್ಲಿನ ಐಟಿವಿಯಲ್ಲಿ 2007ರಲ್ಲಿ 'ಪ್ರೈಮೀವಲ್' ಬಂತು. ಅಲ್ಲಿ ನಾವು ಹೋಗಬೇಕಿಲ್ಲ, ಕಾಲದ ಬಿರುಕಿನಿಂದ ಡೈನೋಸಾರುಗಳೇ ಊರಿಗೆ ಬರುತ್ತವೆ. ಮೂರನೇ ಸರಣಿಯ ಕೊನೆಯಲ್ಲಿ ಕಾನರ್ ಮತ್ತು ಅಬಿ ಕ್ರಿಟೇಶಿಯಸ್‌ನಲ್ಲಿ ಸಿಕ್ಕಿಹಾಕಿಕೊಂಡರು. ಸರಿಯಾಗಿ ಅದೇ ಹೊತ್ತಿಗೆ, 2009ರಲ್ಲಿ, ಐಟಿವಿ ಅಂಗಡಿ ಮುಚ್ಚಿತು. ಇಬ್ಬರು ಯುವಜನರನ್ನು ಕೋಟ್ಯಂತರ ವರ್ಷ ಹಿಂದೆ ಬಿಟ್ಟು ಬಾಗಿಲು ಹಾಕಿಕೊಂಡ ವಾಹಿನಿ ಜಗತ್ತಿನಲ್ಲಿ ಇದೊಂದೇ ಇದ್ದೀತು. ಅವರನ್ನು ಯಾವ ಕಾಲಯಂತ್ರವೂ ವಾಪಸ್ ತರಲಿಲ್ಲ. ಬಿಬಿಸಿಯ ವ್ಯಾಪಾರದ ಅಂಗ, ಜರ್ಮನಿಯ ಪ್ರೋಝೀಬೆನ್, ಇನ್ನೊಂದು ಕೇಬಲ್ ಚಾನೆಲ್ ಸೇರಿ ಚಂದಾ ಎತ್ತಿದ ಮೇಲೆ 2011ರಲ್ಲಿ ಮನೆಗೆ ಬಂದರು. ಬಡ ಸಂಬಂಧಿಕನ ಆಸ್ಪತ್ರೆ ಬಿಲ್ಲಿಗೆ ನೆಂಟರೆಲ್ಲ ಕೈಹಾಕಿದ ಹಾಗೆ.

ಟೆರಾ ನೋವಾಕ್ಕೆ ಆ ನೆಂಟರೂ ಸಿಗಲಿಲ್ಲ. ನೆಟ್‌ಫ್ಲಿಕ್ಸ್ ಜೊತೆ ಮಾತುಕತೆ ನಡೆದು ಮುರಿದುಬಿತ್ತು. ಮೊದಲ ದಿನ 90 ಲಕ್ಷ ಜನ ನೋಡಿದ್ದರು. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ, ಇಡೀ ಮನೆಗೆ ಅಂತಲೇ ಮಾಡಿದ್ದೇವೆ ಎಂದು ಕರೆದದ್ದು ಅವರೇ. ಮಕ್ಕಳು ಕೂತರು. ಡೈನೋಸಾರ್ ಯಾವಾಗ ಬರುತ್ತೆ ಅಂತ ವಾರಗಟ್ಟಲೆ ಕೇಳಿದರು. ಬಂದಷ್ಟಕ್ಕೆ ಖುಷಿಪಟ್ಟರು. ಆಮೇಲೆ ಬಿಲ್ಲು ಜಾಸ್ತಿಯಾಯಿತು ಅಂತ ಎದ್ದು ಹೋದರು ದೊಡ್ಡವರು. ಬಿಲ್ಲು ಜಾಸ್ತಿಯಾಗುತ್ತದೆ ಅಂತ ಸೆಟ್ ಹಾಕುವಾಗ ಗೊತ್ತಿರಲಿಲ್ಲವೇ? 240ನ್ನು ಎಲೆಗಳಿಂದ ಗುಣಿಸಲು ಬಾರದವರ ಕೈಗೆ ಅಷ್ಟು ದುಡ್ಡು ಕೊಟ್ಟವರಾರು? ಒಂದು ಗಂಟೆ, ಒಂದೇ ಒಂದು ಗಂಟೆಯ ಮುಕ್ತಾಯ ಮಾಡಿ ಕಥೆ ಮುಗಿಸಲು ಯಾರಿಗೂ ಮನಸ್ಸಾಗಲಿಲ್ಲ. ಇವತ್ತು ಓಟಿಟಿಯವರು ಮಾಡುತ್ತಿರುವುದೂ ಇದನ್ನೇ, ಪತ್ರಿಕಾ ಹೇಳಿಕೆ ಮಾತ್ರ ಚೊಕ್ಕ.

ಇರಲಿ. ಕೊನೆಯ ಕಂತಿನಲ್ಲಿ ಡೈನೋಸಾರಿಗೆ ಒಂದು ನ್ಯಾಯವಾದ ಪಾತ್ರ ಸಿಕ್ಕಿತು. ಲ್ಯೂಕಸ್‌ನ ಲೆಕ್ಕದಿಂದ ಅಷ್ಟರಲ್ಲಿ ವಾಪಸ್ ದಾರಿಯೂ ತೆರೆದಿತ್ತು, ಕಾರ್ನೋಟಾರಸ್ಸನ್ನು ಪೆಟ್ಟಿಗೆಗೆ ತುಂಬಿ 2149ಕ್ಕೆ ಪಾರ್ಸಲ್ ಮಾಡಿದರು. ಅದು ಅಲ್ಲಿ ಇಳಿದು ಬಂದೂಕುಧಾರಿಗಳನ್ನು ಚದುರಿಸುವಷ್ಟರಲ್ಲಿ ಶಾನನ್ ಬಿರುಕಿನ ಆ ಕಡೆಯ ಬಾಗಿಲನ್ನೇ ಉಡಾಯಿಸಿದ. ಹೊರಟ ಬಂಡುಕೋರರ ದಾರಿಯಲ್ಲೊಂದು ಬರಡು ನಾಡು. ಅಲ್ಲಿ 18ನೇ ಶತಮಾನದ ಮರದ ಹಡಗೊಂದರ ಮೂತಿ ಸಿಕ್ಕಿತ್ತು. ಹಡಗು ಅಲ್ಲಿಗೆ ಬಂದದ್ದೆಲ್ಲಿಂದ, ಇನ್ನೊಂದು ಬಿರುಕಿದೆಯೇ, ಮುಂದಿನ ಸೀಸನ್ನಿನಲ್ಲಿ ನೋಡಿ.

ಆ ಮೂತಿ ಇನ್ನೂ ಅಲ್ಲೇ ಬಿದ್ದಿದೆ. ಒಳ್ಳೆಯ ಮರ ಇದ್ದ ಹಾಗಿತ್ತು. ಗೆದ್ದಲು ಮಾತ್ರ ಆ ಕಾಲಕ್ಕಾಗಲೇ ಹುಟ್ಟಿತ್ತು. ಅದರಲ್ಲಿ ಯಾವ ತಜ್ಞನೂ ತಪ್ಪು ಹುಡುಕಲಾರ.